ಬೀದಿಗಿಳಿದ ಅಸ್ತಮಾನ ರಾಯರು

"ಇವತ್ತಿನಿಂದ ಸೂರ್ಯಾಸ್ತ ಬಂದ್!"

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ರಾಯರು ಹೀಗೆ ಘೋಷಿಸಿದಾಗ, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. "ಸೂರ್ಯನಿಗೆ ಹೇಳಿದ್ದೀರಾ?" ಎಂದಷ್ಟೇ ಕೇಳಿ ಯಾರದೋ ಶರ್ಟಿನ ಕಾಲರಿಗೆ ಹೊಲಿಗೆ ಓಡಿಸಿದರು.

ರಾಯರ ನಿಜವಾದ ಹೆಸರು ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದ ಲೋಕಕ್ಕೆಲ್ಲ ಅವರು ಅಸ್ತಮಾನ ರಾಯರು. ವರ್ಷಕ್ಕೊಂದು ದ್ವೀಪ ನೋಡಿಯೇ ತೀರುತ್ತೇನೆಂದು ಪಣ ತೊಟ್ಟು, ಇಪ್ಪತ್ತೆರಡು ವರ್ಷಗಳಲ್ಲಿ ಹತ್ತೊಂಬತ್ತು ದ್ವೀಪ ಸುತ್ತಿ, ಮೊದಲನೆಯದೊಂದನ್ನು ಬಿಟ್ಟು ಹದಿನೆಂಟು ಆಲ್ಬಮ್ ತುಂಬಿಸಿದ್ದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಸೂರ್ಯ ಮುಳುಗುತ್ತಾನೆ. ಮುಳುಗುವ ಮುನ್ನ, ಮುಳುಗುವಾಗ, ಮುಳುಗಿದ ಮೇಲೆ! ನೋಡಲು ಕೂತ ನೆಂಟರು ಮೂರನೆಯ ಆಲ್ಬಮ್ಮಿಗೆ ಬರುವಷ್ಟರಲ್ಲಿ ತಾವೂ ಸೋಫಾದಲ್ಲಿ ಮುಳುಗಿರುತ್ತಿದ್ದರು.

ಅಷ್ಟೂ ದ್ವೀಪಗಳಿಗೆ ಹೆಂಡತಿಯೂ ಹೋದವರೇ. ಆದರೆ ಸಾಕ್ಷಿಗೆ ಸಿಗುವುದು ಎಂಟನೆಯ ಆಲ್ಬಮ್ಮಿನ ಒಂದು ಮೊಣಕೈ, ಹದಿಮೂರನೆಯದರಲ್ಲಿ ಸೆರಗಿನ ತುದಿ. ಅದೂ ಗಾಳಿಗೆ ಹಾರಿ ಸೂರ್ಯನಿಗೆ ಅಡ್ಡ ಬಂದಿದ್ದರಿಂದ.

"ರೀ, ಎಲ್ಲಾ ದ್ವೀಪದಲ್ಲೂ ಮುಳುಗೋದು ಒಬ್ಬನೇ ಸೂರ್ಯ ಅಲ್ವೇನ್ರೀ? ಒಂದೇ ಫೋಟೋನ ಹದಿನೆಂಟು ಪ್ರತಿ ಹಾಕಿಸಿದ್ರೆ ಆಗ್ತಿರ್ಲಿಲ್ವಾ?"

"ಅದು ಕಲೆ ಕಣೇ!"

"ಒಗೆದ್ರೆ ಹೋಗುತ್ತಾ?"

ಇಂಥ ರಾಯರ ಮನಸ್ಸು ತಿರುಗಿದ್ದು ಹೋದ ತಿಂಗಳು. ಹತ್ತೊಂಬತ್ತನೆಯ ದ್ವೀಪದಲ್ಲಿ ಮೂರು ದಿನವೂ ಮೋಡ. ಸೂರ್ಯ ಎಲ್ಲಿ ಮುಳುಗಿದನೋ ಅವನಿಗೇ ಗೊತ್ತು. ಮುಖ ಊದಿಸಿಕೊಂಡು ಗಲ್ಲಿಯಲ್ಲಿ ಅಲೆಯುತ್ತಿದ್ದ ರಾಯರು ಬೇರೇನೂ ತೋಚದೆ ಒಂದು ಕ್ಷೌರದಂಗಡಿಯತ್ತ ಕ್ಲಿಕ್ಕಿಸಿದರು. ಅರ್ಧ ಗಡ್ಡ ಹೋದ ಗಿರಾಕಿ, ಕತ್ತಿ ಎತ್ತಿ ಹಿಡಿದ ಕ್ಷೌರಿಕ, ಇಬ್ಬರೂ ಕೆಲಸ ಮರೆತು ಬಾಗಿಲಲ್ಲಿ ನಿಂತ ಮೇಕೆಯನ್ನು ನೋಡುತ್ತಿದ್ದಾರೆ. ಮೇಕೆ ಕನ್ನಡಿ ನೋಡುತ್ತಿದೆ! ಊರಿಗೆ ಮರಳಿದ ಮೇಲೆ, ಬಡಾವಣೆಯ ಲೈಬ್ರರಿಯ ಗ್ರಂಥಪಾಲಕರು ಆ ಆಲ್ಬಮ್ಮಿನ ಮೊದಲ ಪುಟದಿಂದ ಆಕಳಿಸುತ್ತ ಬಂದವರು ಅಲ್ಲಿ ಬಾಯಿ ಮುಚ್ಚಿದರು.

"ರಾಯರೇ, ಇದು ಉಸಿರಾಡ್ತಾ ಇದೆ! ಇಂಥವು ಒಂದು ಗೋಡೆ ತುಂಬ ಕೊಡಿ, ನಮ್ಮ ಓದುವ ಹಾಲಿನಲ್ಲಿ ಪ್ರದರ್ಶನ ಇಡೋಣ."

ಅಷ್ಟು ಸಾಕಾಯಿತು. ರಾಯರು ಬೀದಿ ಛಾಯಾಗ್ರಾಹಕರಾದರು. ಆ ಭಾನುವಾರದ ಹೊತ್ತಿಗೆ ಅವರ ಶಾಸನವೂ ಸಿದ್ಧವಾಗಿತ್ತು. ಒಂದು: ಯಾರನ್ನೂ ನಿಲ್ಲಿಸಿ ಫೋಟೋ ತೆಗೆಯುವುದಿಲ್ಲ. ಎರಡು: ಕಣ್ಣಿಗೆ ಹಿಡಿದು ತೆಗೆಯುವುದಿಲ್ಲ, ಎದೆಯ ಮೇಲೆ ತೂಗುಬಿಟ್ಟ ಕ್ಯಾಮೆರಾವನ್ನು ಹಾಗೇ ಗುಟ್ಟಾಗಿ ಒತ್ತುವುದು. ಮೂರು: ಡಿಜಿಟಲ್ ಬೇಡ. "ಮೂವತ್ತಾರು ಚಿತ್ರದ ರೀಲು ಅಂದ್ರೆ ಮೂವತ್ತಾರು ನಿರ್ಧಾರ ಕಣೇ!" ನಾಲ್ಕನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ: ಚಾಳೀಸು ಕನ್ನಡಕ ಹಾಕುವುದಿಲ್ಲ. ಬೇಟೆಗಾರನಿಗೆ ಚಾಳೀಸೇ? ಛೆ!

ಅಟ್ಟದಿಂದ ಹಳೆಯ ಬ್ಯಾಗು ಇಳಿಯಿತು. ಒಳಗೆ ಮದುವೆಯ ಹೊಸತರಲ್ಲಿ ಕೊಂಡ, ಅಂಗೈಗಿಂತ ತುಸು ದೊಡ್ಡದಾದ ಕರೀ ಕ್ಯಾಮೆರಾ. ಬ್ಯಾಗಿನ ಒಳಜೇಬು, ಅದರೊಳಗೊಂದು ಪುಟ್ಟ ಜೇಬು, ಅಲ್ಲಿ ವಾಂತಿ ಮಾತ್ರೆಯ ತಗಡಿನ ಡಬ್ಬಿ, ಡಬ್ಬಿಯೊಳಗೆ ಒಂದು ರೀಲು! ಫಿಲ್ಮಿನ ತುದಿಯನ್ನು ನಾಲಿಗೆಯಂತೆ ಹೊರಚಾಚಿಕೊಂಡು ಕೂತಿತ್ತು. ನಾಲಿಗೆ ಹೊರಗಿದ್ದರೆ ಹೊಸ ರೀಲು, ತೆಗೆದು ಮುಗಿದದ್ದರ ನಾಲಿಗೆ ಒಳಗೆ ಸುತ್ತಿರುತ್ತದೆ. ಇದು ಎಲ್ಲರಿಗೂ ತಿಳಿದ ಲೆಕ್ಕ. ಮೇಲೆ ಅಂಟಿಸಿದ ಪಟ್ಟಿಯಲ್ಲಿ ಏನೋ ಮಸುಕು ಮಸುಕಾಗಿ ಬರೆದಿತ್ತು. ಕಂಪನಿಯವರದಿರಬೇಕು ಎಂದುಕೊಂಡು ರಾಯರು ಅದನ್ನು ಕ್ಯಾಮೆರಾಕ್ಕೆ ತುಂಬಿದರು.

ಬ್ಯಾಗು ಕಂಡ ಹೆಂಡತಿಯ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತು.

"ಅದು ಮೊದಲನೇ ದ್ವೀಪದ್ದಲ್ವಾ?"

"ಹೂಂ."

ಮಿಷನ್ನು ಮತ್ತೆ ಓಡಿತು.

ಮೊದಲನೇ ದ್ವೀಪ ಎಂದರೆ ಆ ಮನೆಯಲ್ಲಿ ಒಂದು ಸಣ್ಣ ಮುಳ್ಳು. ರಾಯರ ಮಾವ ಆ ದ್ವೀಪಕ್ಕೆ ಓಡಾಡುವ ಲಾಂಚಿನ ಟಿಕೆಟ್ ಮಾಸ್ತರು. ಹೊಸ ಅಳಿಯ-ಮಗಳನ್ನು ತಮ್ಮದೇ ಲಾಂಚಿನಲ್ಲಿ ಕೂರಿಸಿಕೊಂಡು ಹೋದರು. ಯಾವತ್ತೂ ಕ್ಯಾಮೆರಾಕ್ಕೆ ಮುಖ ಕೊಟ್ಟವರಲ್ಲ. "ಫೋಟೋಗೆ ನಿಂತ್ರೆ ಲಾಂಚ್ ಕಾಯಲ್ಲಪ್ಪ!" ಎನ್ನುತ್ತ ಟಿಕೆಟ್ಟಿಗೆ ತೂತು ಹಾಕುತ್ತ ಓಡುವವರು. ಆ ದಿನ ಮಾತ್ರ ಒಂದೆರಡರಲ್ಲಿ ಬಿದ್ದಿರಬಹುದು ಎಂದು ಮಗಳಿಗೆ ಆಸೆ.

ಮರಳುವಾಗ ಅಲೆ ಎದ್ದವು. ಅಳಿಯಂದಿರು ಕಂಬಿಗೆ ಜೋತುಬಿದ್ದು ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಅರ್ಪಿಸಿದರು. "ಅಳಿಯಂದಿರೇ, ಆ ಡಬ್ಬ ಇಲ್ಲಿ ಕೊಡಿ, ನೀರಿಗೆ ಬಿದ್ದೀತು," ಎಂದು ಮಾವ ಕ್ಯಾಮೆರಾ ಕಸಿದುಕೊಂಡು ಸ್ವಲ್ಪ ಹೊತ್ತಿನ ಮೇಲೆ ಮರಳಿಸಿದರು. ರೀಲು ಮುಗಿದಿತ್ತು. ತಲೆ ತಿರುಗುತ್ತಿದ್ದ ರಾಯರು ಅದನ್ನು ಸುತ್ತಿ ಹೊರತೆಗೆದರು, ಹೆಂಡತಿ ಅದಕ್ಕೊಂದು ಪಟ್ಟಿ ಅಂಟಿಸಿ ಬರೆದರು. ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆನೆಂದೇ ರಾಯರ ನಂಬಿಕೆ; ಲಾಂಚಿನಿಂದ ಇಳಿಯುವಾಗ ನೋಡಿದರೆ ಜೇಬು ಖಾಲಿ!

ಅರ್ಧ ದಾರಿ ಕಂಬಿಯಾಚೆ ಬಗ್ಗಿದ್ದವರ ಜೇಬಿನಿಂದ ರೀಲು ಎಲ್ಲಿಗೆ ಹೋಗಿರಬೇಕು? ಸಮುದ್ರಕ್ಕೇ. ಎಲ್ಲರೂ ಹಾಗೇ ತೀರ್ಮಾನಿಸಿದರು. "ಹೋಗ್ಲಿ ಬಿಡಿ ಅಳಿಯಂದಿರೇ. ಮೀನುಗಳೂ ನಮ್ಮ ಮಗಳು-ಅಳಿಯನ್ನ ಒಂದ್ಸಲ ನೋಡ್ಲಿ," ಎಂದು ಮಾವ ನಕ್ಕುಬಿಟ್ಟರು. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ಮಗಳ ಕೈಗೆ ಸಿಕ್ಕಿದ್ದು ನೌಕರಿಯ ಪಾಸಿನ ಮೇಲಿನ ಉಗುರಿನಷ್ಟಗಲದ ಫೋಟೋ ಒಂದೇ. ಅದರಲ್ಲೂ ಅರ್ಧ ಮುಖದ ಮೇಲೆ ಕಚೇರಿಯ ಮೊಹರು.

ಹೆಂಡತಿ ಅದಕ್ಕಾಗಿ ಎಂದೂ ಜಗಳವಾಡಿದವರಲ್ಲ. ರಾಯರು ಹೊಸ ಲೆನ್ಸು ಕೊಂಡಾಗಲೆಲ್ಲ, "ಇದು ತೇಲುತ್ತಾ?" ಎಂದು ಕೇಳುತ್ತಿದ್ದರು. ಅಷ್ಟೇ.

ಇರಲಿ. ರಾಯರು ಹದಿನಾಲ್ಕು ಜೇಬಿನ ಜಾಕೆಟ್ ತೊಟ್ಟು ಬೀದಿಗಿಳಿದರು. ಮಾರುಕಟ್ಟೆ ರಸ್ತೆ ಜನದಿಂದ ಗಿಜಿಗುಡುತ್ತಿತ್ತು. ಎದೆಯ ಮೇಲೆ ಕರೀ ಕ್ಯಾಮೆರಾ, ಮುಖದ ಮೇಲೆ ಬಸ್ಸಿಗೆ ಕಾಯುವವನ ನಿರ್ಲಕ್ಷ್ಯ. ಬೂಟು ರಿಪೇರಿಯವನ ಮುಂದೆ ನಿಂತು ಆಕಾಶ ನೋಡುತ್ತ ಟಕ್ ಎಂದು ಒತ್ತಿದರು.

"ಸಾರ್, ಅದರ ಮುಂದ್ಗಡೆ..." ಎಂದ ಅವನು.

"ಶ್! ನನ್ನ ಕಡೆ ನೋಡ್ಬೇಡಪ್ಪ! ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೋ!"

"ಇದೀರಲ್ಲ ಸಾರ್."

"ಇಲ್ಲ ಅಂದೆನಲ್ಲ! ನೀನು ಬೂಟು ಹೊಲಿ."

ಅವನು ತಲೆ ಕೆರೆದುಕೊಂಡು ಹೊಲಿದ. ರಾಯರು ಅಲ್ಲೇ ಹನ್ನೆರಡು ತೆಗೆದರು. ಹೂವಿನವಳ ಸರದಿ ಬಂತು.

"ಅಣ್ಣಾ, ಅದನ್ನ ತೆಗೀಲೇ ಇಲ್ವಲ್ಲ ನೀವು?"

"ತೆಗೆದಾಯ್ತಮ್ಮಾ! ಗೊತ್ತಾಗದ ಹಾಗೆ ತೆಗೆಯೋದೇ ನಮ್ಮ ಗುಟ್ಟು!"

ವೃತ್ತದಲ್ಲಿ ಸಂಚಾರಿ ಪೊಲೀಸಿನವನು ಬಿಳಿ ಗವಸಿನ ಬೆರಳನ್ನು ಕ್ಯಾಮೆರಾದತ್ತ ಚಾಚಿ, ಗಾಳಿಯಲ್ಲಿ ಏನನ್ನೋ ತಿರುಪಿ ತೆಗೆಯುವಂತೆ ಸನ್ನೆ ಮಾಡಿದ. "ಆಹಾ, ಎಂಥ ಭಂಗಿ!" ಎಂದು ರಾಯರು ಅದನ್ನೂ ಸೆರೆಹಿಡಿದರು. ಊರಿನ ಜನಕ್ಕೆಲ್ಲ ಆ ದಿನ ರಾಯರ ಹತ್ತಿರ ಏನೋ ಹೇಳುವುದಿತ್ತು. ಕಲಾವಿದನೆಂದರೆ ಜನಕ್ಕೆ ಎಷ್ಟು ಪ್ರೀತಿ! ಎಂದುಕೊಳ್ಳುತ್ತ ಮೂವತ್ತಾರೂ ಮುಗಿಸಿ ಮನೆಗೆ ಬಂದರು.

"ಇಗೋ, ಬೀದಿಯ ಬದುಕು! ಭದ್ರವಾಗಿಡು!" ರೀಲನ್ನು ಸುತ್ತಿ ಹೊರತೆಗೆದು ಹೆಂಡತಿಯ ಅಂಗೈಗೆ ಹಾಕಿದರು.

ಹೆಂಡತಿ ಸೂಜಿಗೆ ದಾರ ಪೋಣಿಸಲು ಕನ್ನಡಕ ಹಾಕಿಕೊಂಡಿದ್ದರು. ರೀಲನ್ನು ತಿರುಗಿಸಿ ನೋಡಿದರು. ಪಟ್ಟಿಯ ಮೇಲೆ ದುಂಡಗಿನ ಅಕ್ಷರ: "ಅಪ್ಪ, ಲಾಂಚ್, ನಾವು."

"ರೀ... ಇದು ಸಮುದ್ರಕ್ಕೆ ಬಿದ್ದಿತ್ತಲ್ವಾ?"

ರಾಯರು ಜೇಬುಗಳನ್ನೆಲ್ಲ ತಡಕಿ ಚಾಳೀಸು ಹುಡುಕಿ ಹಾಕಿಕೊಂಡರು. ಓದಿದರು. ಕಾಲ ಕೆಳಗೆ ಲಾಂಚು ಅಲುಗಿದ ಹಾಗಾಯಿತು. ಕಳೆಯಬಾರದೆಂದು ತಾವೇ ಡಬ್ಬಿಯಲ್ಲಿಟ್ಟದ್ದು, ತಲೆ ತಿರುಗುವ ಭರದಲ್ಲಿ ನಾಲಿಗೆಯನ್ನು ಹೊರಗೇ ಬಿಟ್ಟದ್ದು, ಎಲ್ಲ ಈಗ ನೆನಪಿಗೆ ಬಂತು. ಇಪ್ಪತ್ತೆರಡು ವರ್ಷ ತಡವಾಗಿ!

"ಸಿಕ್ತಲ್ಲಾ! ಅಪ್ಪನ ಫೋಟೋ ಸಿಕ್ತಲ್ರೀ!" ಹೆಂಡತಿಯ ಕಣ್ಣು ತುಂಬಿದ್ದವು.

ಈಗ ಹೇಳಲೇಬೇಕು. "ಸಿಕ್ತು ಕಣೇ... ಆದ್ರೆ... ಒಂದ್ಸಲ ತೆಗೆದ ರೀಲಿನ ಮೇಲೆ ಮತ್ತೆ ತೆಗೆದ್ರೆ... ಹಳೇದ್ರ ಮೇಲೇ ಹೊಸದು ಕೂತ್ಕೊಳುತ್ತೆ. ಎರಡೂ ಕಲಸಿಹೋಗುತ್ತೆ."

ಹೆಂಡತಿ ರೀಲನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದರು, "ಬೀದೀಲಿ ಏನೇನು ತೆಗೆದಿರಿ?"

"ಹೂವಿನವಳು, ಪೊಲೀಸು... ಬೂಟು ರಿಪೇರಿ ಹನ್ನೆರಡು..."

"ನಮ್ಮಪ್ಪನ ಮುಖದ ಮೇಲೆ ಮೊದಲು ಮೊಹರು. ಈಗ ಬೂಟಾ?"

ರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿ ಎರಡನ್ನೂ ನುಂಗಿಕೊಂಡರು.

ರೀಲು ತೊಳೆಯುವ ಸ್ಟುಡಿಯೋ ಊರಿಗೆಲ್ಲ ಒಂದೇ ಉಳಿದಿತ್ತು. ಸ್ಟುಡಿಯೋದ ಹಿರಿಯರು ಮೂರು ದಿನ ಬೇಕೆಂದರು. ಆ ಮೂರು ದಿನ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಬೈದಿದ್ದರೆ ರಾಯರು ಬದುಕಿಕೊಳ್ಳುತ್ತಿದ್ದರು. "ಇನ್ನೊಂದು ತುತ್ತು ಹಾಕ್ಲಾ?" ಎಂದು ಮರ್ಯಾದೆಯಿಂದ ಬಡಿಸುತ್ತಿದ್ದರು ಪುಣ್ಯಾತ್ಗಿತ್ತಿ! ನಾಲ್ಕನೆಯ ದಿನ ಜಾಕೆಟ್ ತೊಟ್ಟು ಸ್ಟುಡಿಯೋದ ಚೀಟಿ ಇಟ್ಟುಕೊಳ್ಳಲು ಹೋದರೆ, ಬೆರಳು ಒಳಗೇ ಹೋಗದು. ಹದಿನಾಲ್ಕು ಜೇಬಿಗೂ ಜೋಡಿ ಹೊಲಿಗೆ ಬಿದ್ದಿತ್ತು!

"ಭದ್ರವಾಗಿರ್ಲಿ ಅಂತ," ಎಂದರು ಹೆಂಡತಿ. "ನಡೀರಿ, ನಾನೂ ಬರ್ತೀನಿ."

ಸ್ಟುಡಿಯೋದ ಹಿರಿಯರು ಕನ್ನಡಕ ಹಣೆಗೇರಿಸಿ ಇಬ್ಬರನ್ನೂ ನೋಡಿದರು. "ಸಾರ್, ಬೀದಿ ಫೋಟೋ ಅಂದ್ರಿ. ಇದರಲ್ಲಿ ಬೀದಿ ಎಲ್ಲಿದೆ? ಬರೀ ಸಮುದ್ರ."

"ಬರೀ ಸಮುದ್ರಾನಾ? ಬೂಟು?"

"ಬೂಟೂ ಇಲ್ಲ, ಚಪ್ಪಲೀನೂ ಇಲ್ಲ. ಸ್ವಲ್ಪ ಮಬ್ಬಾಗಿದೆ, ಹಳೇ ರೀಲಲ್ವಾ. ಆದ್ರೆ ಒಂದರ ಮೇಲೊಂದು ಕೂತಿಲ್ಲ." ಅವರ ಕಣ್ಣು ರಾಯರ ಎದೆಯ ಮೇಲೆ ತೂಗುತ್ತಿದ್ದ ಕ್ಯಾಮೆರಾಕ್ಕೆ ಹೋಯಿತು. ಹತ್ತಿರ ಬಂದರು. ಎರಡು ಬೆರಳಲ್ಲಿ ಅದರ ಮೂತಿಯಿಂದ ಕರಿಯ ಮುಚ್ಚಳವೊಂದನ್ನು ತಿರುಪಿ ತೆಗೆದರು. "ಇದನ್ನ ಯಾವಾಗ ತೆಗೆದಿದ್ರಿ ಸಾರ್?"

ಕರೀ ಕ್ಯಾಮೆರಾಕ್ಕೆ ಕರೀ ಮುಚ್ಚಳ! ಇಪ್ಪತ್ತೆರಡು ವರ್ಷದಿಂದ ಹಾಗೇ ಕೂತಿತ್ತು. ಬೂಟಿನವನು, ಹೂವಿನವಳು, ಪೊಲೀಸಿನವನ ಬಿಳಿ ಬೆರಳು, ಒಬ್ಬೊಬ್ಬರೇ ರಾಯರ ಕಣ್ಣ ಮುಂದೆ ಬಂದು ನಮಸ್ಕಾರ ಹೇಳಿ ಹೋದರು. ಮೂವತ್ತಾರು ನಿರ್ಧಾರಗಳಲ್ಲಿ ಒಂದೇ ಒಂದು ಕಿರಣವೂ ಒಳಗೆ ಹೋಗಿರಲಿಲ್ಲ.

ಹೆಂಡತಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಅವರು ಒಂದು ಚಿತ್ರ ಹಿಡಿದು ಕಿಟಕಿಯ ಬೆಳಕಿಗೆ ಹೋಗಿದ್ದರು.

ರಾಯರು ಅಂದು ಗುರಿಯಿಟ್ಟದ್ದು ದೀಪಸ್ತಂಭಕ್ಕೆ. ದೀಪಸ್ತಂಭ ಬೆಂದ ಬದನೆಕಾಯಿಯಂತೆ ವಾಲಿಕೊಂಡು ಮಸುಕಾಗಿತ್ತು. ಆದರೆ ಬಲಮೂಲೆಯಲ್ಲಿ, ಲಾಂಚಿನ ಹಲಗೆಯ ಮೇಲೆ ಒಂದು ಕಾಲು, ದಡದ ಮೇಲೆ ಇನ್ನೊಂದು ಕಾಲು ಇಟ್ಟು, ಟಿಕೆಟ್ ತೂತು ಹಾಕುವ ಇಕ್ಕುಳ ಎತ್ತಿ ಹಿಡಿದು, ಯಾರನ್ನೋ "ಹತ್ತಿ ಹತ್ತಿ!" ಎಂದು ಬಾಯ್ತುಂಬ ಕೂಗುತ್ತಿದ್ದರು ಮಾವ. ಮುಂಗೂದಲು ಗಾಳಿಗೆ ಎದ್ದಿತ್ತು. ಮುಖ ಪೂರ್ತಿ ಇತ್ತು.

"ಅಪ್ಪನಿಗೆ ಈ ಕಡೆ ಕೆನ್ನೇಲೂ ಗುಳಿ ಬೀಳ್ತಿತ್ತು," ಎಂದರು ಹೆಂಡತಿ ಮೆಲ್ಲಗೆ. "ಮರ್ತೇಹೋಗಿತ್ತು ನೋಡಿ."

ರಾಯರು ಉಳಿದ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು.

ರೀಲಿನ ಕೊನೆಯ ಚಿತ್ರ ರಾಯರು ತೆಗೆದದ್ದಲ್ಲ. ಅದರಲ್ಲಿ ರಾಯರೇ ಇದ್ದರು, ಹಿಂಭಾಗದಿಂದ! ಕಂಬಿಗೆ ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದಾರೆ. ಹೊಸ ಮದುವಣಗಿತ್ತಿ ಅವರ ಶರ್ಟಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ತಲೆ ಹಿಂದಕ್ಕೆಸೆದು ನಗುತ್ತಿದ್ದಾಳೆ. ಪಕ್ಕದ ಬೆಂಚಿನ ಮುದುಕಿ ಮೂಗು ಮುಚ್ಚಿಕೊಂಡಿದ್ದಾಳೆ. ಜನ್ಮದಲ್ಲಿ ಕ್ಯಾಮೆರಾ ಮುಟ್ಟದ ಟಿಕೆಟ್ ಮಾಸ್ತರು, ಯಾರಿಗೂ ಗೊತ್ತಾಗದ ಹಾಗೆ, ಯಾರನ್ನೂ ನಿಲ್ಲಿಸದೆ ಒಂದೇ ಒಂದು ಸಲ ಒತ್ತಿದ್ದರು.

ಲೈಬ್ರರಿಯ ಗೋಡೆಯಲ್ಲಿ ಮೇಕೆಯ ಪಕ್ಕಕ್ಕೆ ಆ ಎರಡೂ ಚಿತ್ರ ತೂಗಿದವು. ಜನ ಮೇಕೆಗೆ ನಕ್ಕು ಮುಂದೆ ಹೋಗಿ, ಕಂಬಿಯ ಚಿತ್ರದ ಮುಂದೆ ಗುಂಪುಗಟ್ಟಿದರು. "ರಾಯರೇ, ಇದು ನಿಮ್ಮ ಅತ್ಯುತ್ತಮ ಕೃತಿ!" ಎಂದು ಗ್ರಂಥಪಾಲಕರು ಕೈ ಕುಲುಕಿದರು.

"ನಾನದರಲ್ಲಿ ವಾಂತಿ ಮಾಡಿದ್ದು ಮಾತ್ರ. ತೆಗೆದದ್ದು ನಮ್ಮ ಮಾವ," ಎಂದರು ರಾಯರು.

ಹೆಂಡತಿ ಗುಂಪಿನಿಂದ ಆಚೆ, ಇಕ್ಕುಳ ಎತ್ತಿ ಹಿಡಿದ ಅಪ್ಪನ ಮುಂದೆ ಒಬ್ಬರೇ ನಿಂತಿದ್ದರು. ಅಲುಗಿದ ದೀಪಸ್ತಂಭವನ್ನು ಅವರು ಅಂಗೈಯಿಂದ ಮರೆಮಾಡಿ ಮೂಲೆಯನ್ನಷ್ಟೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೆಂಡತಿ ರಾಯರ ಕಣ್ಣಿಗೆ ಬಿದ್ದರು. ಸದ್ದಿಲ್ಲದೆ ಚಾಳೀಸು ಹಾಕಿಕೊಂಡರು. ಕರೀ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು.

ಹೆಂಡತಿ ತಿರುಗಿ ನೋಡದೆಯೇ ಕೇಳಿದರು, "ರೀ, ಮುಚ್ಚಳ?"

"ತೆಗೆದಿದೀನಿ ಕಣೇ!" ರಾಯರು ಹೆಮ್ಮೆಯಿಂದ ಹೇಳಿದರು. "ಈ ಸಲ ಮರೀದೆ ತೆಗೆದಿದೀನಿ!"

"ಅಯ್ಯೋ, ಯಾಕ್ರೀ ತೆಗೆದ್ರಿ? ಹಾಕ್ಕೊಂಡಾಗಲೇ ಅಲ್ವಾ ನಿಮ್ಮ ಫೋಟೋ ಚೆನ್ನಾಗಿ ಬರೋದು!"