ಕ್ಯಾತಪ್ಪನವರಿಗೆ ನಾನು ಇಂಗ್ಲಿಷ್ ಕಲಿಸಿದ್ದು

ಪಿಂಚಣಿ ತೆಗೆದುಕೊಳ್ಳುವ ಮನುಷ್ಯನನ್ನು ಕಂಡರೆ ಲೋಕಕ್ಕೆ ಅವನನ್ನು ಸುಧಾರಿಸಬೇಕೆಂಬ ಚಪಲ ಯಾಕೆ ಹುಟ್ಟುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೆಲಸದಲ್ಲಿದ್ದಾಗ ಯಾರೂ ಬಂದು "ನೀವೇಕೆ ಹಾರ್ಮೋನಿಯಂ ಕಲಿಯಬಾರದು?" ಎಂದು ಕೇಳುವುದಿಲ್ಲ. ಕೊರಳಿಗೊಂದು ಹಾರ ಹಾಕಿ ಮನೆಗೆ ಕಳಿಸಿದ ಮಾರನೆಯ ದಿನದಿಂದ ಶುರು. ಬೆಳಿಗ್ಗೆ ವಾಕಿಂಗ್ ಹೋಗಿ, ಉಪ್ಪು ಬಿಡಿ, ಏನಾದರೂ ಹೊಸದು ಕಲಿಯಿರಿ! ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಸರ್ಕಾರ ಅಟ್ಟಿದ ಹೈಸ್ಕೂಲುಗಳಲ್ಲೆಲ್ಲ ಇಂಗ್ಲಿಷ್ ಪಾಠ ಹೇಳಿ ಗಂಟಲು ಕೆಡಿಸಿಕೊಂಡವನು ನಾನು. ಕಲಿಕೆಯ ಮಹತ್ವ ಏನೆಂದು ನನಗೆ ಹೇಳಿಕೊಡಲು ಬರುತ್ತಾರೆ. ಮೈ ಉರಿಯದೆ ಇನ್ನೇನಾಗುತ್ತದೆ?

ಇದು ಎಪ್ಪತ್ತರ ದಶಕದ ಮಾತು. ದುರ್ಗದ ಹೊಳಲ್ಕೆರೆ ರಸ್ತೆಯ ಕಡೆ ನಮ್ಮಂಥ ನಿವೃತ್ತ ನೌಕರರೇ ಕೂಡಿಕೊಂಡು ಸೈಟು ಮಾಡಿ ಮನೆ ಕಟ್ಟಿಕೊಂಡಿದ್ದೆವು. ಆ ಬಡಾವಣೆಗೆ ಕಾಗದದ ಮೇಲೆ ಒಂದು ಗಂಭೀರವಾದ ಹೆಸರಿತ್ತು. ಜಟಕಾದವರು ಮಾತ್ರ 'ಪಿಂಚಣಿ ಕೇರಿ' ಎಂದೇ ಕರೆಯುತ್ತಿದ್ದರು. ನಮ್ಮ ಸಂಘದ ಕಾರ್ಯದರ್ಶಿ ಹನುಮಂತರಾಯರು ನಿವೃತ್ತ ಶಿರಸ್ತೇದಾರರು. ಕಚೇರಿ ಬಿಟ್ಟರೂ ಹುಕುಂ ಹೊರಡಿಸುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಒಂದು ದಿನ ಸಂಘದ ಕೋಣೆಯ ಬಾಗಿಲ ಮೇಲೆ 'ಕಲಿಕೆಗೆ ವಯಸ್ಸಿಲ್ಲ' ಎಂದು ಬರೆಸಿ, ಕೇರಿಯ ಹಿರಿಯರಿಗೆಲ್ಲ ತರಗತಿಗಳು ಆರಂಭವಾಗಿವೆ ಎಂದು ಸಾರಿಯೇಬಿಟ್ಟರು. ಹಾರ್ಮೋನಿಯಂ ಪಾಠ ನಿವೃತ್ತ ಕಾಂಪೌಂಡರ್ ಒಬ್ಬರಿಗೆ, ಇಂಗ್ಲಿಷ್ ಪಾಠ ನನಗೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕಲಿಕೆಗೆ ವಯಸ್ಸಿಲ್ಲದಿರಬಹುದು ಸ್ವಾಮಿ, ಕಲಿಸುವವನಿಗೆ ಇದೆಯಲ್ಲ!

ಆದರೂ ಹೋದೆ. ಮೊದಲ ದಿನ ಬೆಂಚು ತುಂಬ ಜನ. ಪಾಠ ಮಾತ್ರ ಒಬ್ಬರಿಗೂ ಬೇಡ. ನಿವೃತ್ತ ಅಮೀನರೊಬ್ಬರು ನನ್ನ ಉಚ್ಚಾರಣೆಯನ್ನೇ ತಿದ್ದಿದರು. ಅವರು ಬಿಳೀ ದೊರೆಯ ಕೈಕೆಳಗೆ ಕೆಲಸ ಮಾಡಿದವರಂತೆ. ಇನ್ನೊಬ್ಬರು ವ್ಯಾಕರಣ ಬಿಟ್ಟು ನೇರವಾಗಿ ರಾಜಕೀಯಕ್ಕೆ ಹೋಗೋಣ ಎಂದರು. ಕೋಣೆಯ ನಡುವೆ ಅಡ್ಡ ಕಟ್ಟಿದ್ದ ತಟ್ಟಿಯ ಆಚೆ ಕಡೆ ಕಾಂಪೌಂಡರು ಹಾರ್ಮೋನಿಯಂನ ತಿದಿ ಒತ್ತಿದ್ದೇ ತಡ, ನನ್ನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಆ ಕಡೆಯ ಚಾಪೆಯ ಮೇಲೆ ಕೂತರು. ವಾರ ಕಳೆಯುವುದರೊಳಗೆ ನನ್ನ ಹೆಂಡತಿಯೂ ಅತ್ತ ಸರಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಏನ್ರೀ, ನಿಮ್ಮ ಪಾಠ ಮನೇಲಿ ಕೇಳಿದ್ದು ಸಾಲದಾ?" ಎಂದಳು. ಇಂಥ ಮಾತನ್ನು ಗಂಡಸು ಎಲ್ಲಿ ಹೋಗಿ ದೂರಬೇಕು?

ನನ್ನ ಬಳಿ ಕೊನೆಗೆ ಉಳಿದವರು ಕ್ಯಾತಪ್ಪನವರೊಬ್ಬರೇ. ಅವರು ಪಿಂಚಣಿದಾರರಲ್ಲ, ಬಿ.ದುರ್ಗದ ಕಡೆಯ ಹಳ್ಳಿಯವರು, ಹೊಲದ ಜೊತೆಗೆ ಕುರಿ ಸಾಕಿ ಬಾಳಿದವರು. ಮಗ ತಿಪ್ಪೇಸ್ವಾಮಿ ಓವರ್‌ಸಿಯರ್ ಆಗಿ ನಮ್ಮ ಕೇರಿಯಲ್ಲೇ ಬಾಡಿಗೆಗಿದ್ದ. ಕಣ್ಣಿನ ಪೊರೆ ತೆಗೆಸಲೆಂದು ಅಪ್ಪನನ್ನು ಕರೆತಂದವನು, ಪೊರೆ ತೆಗೆದ ಮೇಲೂ ಊರಿಗೆ ಕಳಿಸದೆ ಇಟ್ಟುಕೊಂಡಿದ್ದ. ಊರಿನಲ್ಲಿ ಕುರಿಗಳನ್ನು ಕ್ಯಾತಪ್ಪನವರ ತಮ್ಮ ನೋಡಿಕೊಳ್ಳುತ್ತಿದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು, ದಪ್ಪ ಗಾಜಿನ ಹೊಸ ಕನ್ನಡಕದೊಳಗಿಂದ ನನ್ನನ್ನು ದಿಟ್ಟಿಸುತ್ತ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಈ ವಯಸ್ಸಿನಲ್ಲಿ ಇಂಗ್ಲಿಷ್ ಯಾಕೆ ಬೇಕಾಯಿತು ಎಂದು ಒಮ್ಮೆ ಕೇಳಿದೆ.

"ನಮ್ಮ ಮನ್ಯಾಗೆ ಮಗ ಸೊಸಿ ಕನ್ನಡಾನೇ ಮಾತಾಡ್ತಾರೆ ಮೇಷ್ಟ್ರೆ. ನಾನು ಹೋಗಿ ಕುಂತ್ಕಂಡ್ರೆ ಸಾಕು, ಇಂಗ್ಲಿಷಿಗೆ ತಿರುಗ್ತಾರೆ. ಏನೋ ಐತೆ ಅದ್ರಾಗೆ. ನನಗೆ ಮಾತಾಡಾಕೆ ಬರದಿದ್ರೂ ಬ್ಯಾಡ, ತಿಳುದ್ರೆ ಸಾಕು."

ಎಂಥ ಅನ್ಯಾಯ ನೋಡಿ! ನಾನು ನನ್ನ ಆಯುಷ್ಯವನ್ನೇ ಸವೆಸಿ ಜಿಲ್ಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದು ಹೆತ್ತ ತಂದೆಯ ಎದುರು ಗುಟ್ಟು ಮಾತಾಡಲಿಕ್ಕೇ? ನನಗೆ ರೋಷ ಬಂತು. ಆ ದಿನದಿಂದ ವ್ಯಾಕರಣವನ್ನು ಮೂಲೆಗಿಟ್ಟೆ. ಕ್ಯಾತಪ್ಪನವರು ಮನೆಯಲ್ಲಿ ಕಿವಿಗೆ ಬಿದ್ದದ್ದನ್ನು ಬಾಯಿಪಾಠ ಮಾಡಿಕೊಂಡು ಬರುವುದು, ನಾನು ಬಿಡಿಸಿ ಹೇಳುವುದು. ಹೆಚ್ಚಾಗಿ ಅದೆಲ್ಲ ಸಪ್ಪೆ ಸಮಾಚಾರ. ಸೊಸೆಗೆ ತವರಿಗೆ ಹೋಗಬೇಕಾಗಿದೆ, ಮೇಲಧಿಕಾರಿ ಮುಂಗೋಪಿ, ಸೀಮೆಎಣ್ಣೆ ಸಿಗುತ್ತಿಲ್ಲ. "ಇದಕ್ಯಾಕೆ ಇಂಗ್ಲಿಷು?" ಎಂದು ಕ್ಯಾತಪ್ಪನವರಿಗೆ ಸಿಟ್ಟು. ಗುಟ್ಟೇ ಇಲ್ಲದ ಗುಟ್ಟಿಗೆ ಇಷ್ಟು ಕಷ್ಟಪಟ್ಟೆವಲ್ಲ ಎಂದು ನನಗೂ ಸಿಟ್ಟು.

ಒಂದು ಸೋಮವಾರ ಅವರು ಬಂದವರೇ ಬೆಂಚಿನ ಮೇಲೂ ಕೂರಲಿಲ್ಲ. "ಮೇಷ್ಟ್ರೆ, 'ಸೆಲ್ ದಿ ಸಿಪ್' ಅಂದ್ರೆ ಏನು? ನಿನ್ನೆ ಊಟಕ್ಕೆ ಕುಂತಾಗ ನಾಕು ಸಲ ಅಂದ್ರು. ಸಿಪ್ಪೆ ವಿಚಾರ ಇರಬೈದು ಅನ್ಕಂಡೆ. ಬಾಳೆಹಣ್ಣೇ ಇರ್ಲಿಲ್ಲ."

"ಶಿಪ್ ಅಂದರೆ ಹಡಗು. ಹಡಗನ್ನು ಮಾರು ಅಂತ ಅರ್ಥ" ಎಂದೆ.

ಕ್ಯಾತಪ್ಪನವರು ಬಹಳ ಹೊತ್ತು ಯೋಚಿಸಿದರು. "ಹಡಗು ಎಲ್ಲೈತೆ ಮೇಷ್ಟ್ರೆ ನಮ್ದು? ನಮ್ಮೂರ ಕೆರೆಯಾಗೆ ಒಂದು ತೆಪ್ಪಾನೂ ಇಲ್ಲ."

ನನ್ನೊಳಗಿನ ಮೇಷ್ಟ್ರು ಆಗ ಎಚ್ಚೆತ್ತರು. ಶಿಪ್ ಬೇರೆ, ಶೀಪ್ ಬೇರೆ; ಒಂದು ಹ್ರಸ್ವ, ಒಂದು ದೀರ್ಘ. ಈ ವ್ಯತ್ಯಾಸವನ್ನು ಹೇಳಿ ಹೇಳಿಯೇ ನಾನು ಮುದುಕನಾದದ್ದು. ಸಂಭ್ರಮದಿಂದ ಕರಿಹಲಗೆಯ ಮೇಲೆ ಎರಡನ್ನೂ ಬರೆದು, "ಅದು ಶೀಪ್, ಶೀ... ಪ್! ಅಂದರೆ ಕುರಿ. ಕುರಿಗಳನ್ನು ಮಾರಿಬಿಡು. ಇದಕ್ಕೆ ಆಜ್ಞಾರ್ಥಕ ಅಂತಾರೆ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿ ಹಿಂದಿರುಗಿ ನೋಡಿದೆ. ಕ್ಯಾತಪ್ಪನವರ ಮುಖ ಇಳಿದಿತ್ತು. ನಾನು ಹೇಳಿದ್ದೇನು ಎಂಬುದು ನನಗೆ ಹೊಳೆದದ್ದು ಆಮೇಲೆ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ತಟ್ಟಿಯಾಚೆ ನನ್ನ ಹೆಂಡತಿ ಸರಿಗಮ ಒತ್ತುತ್ತಿದ್ದಳು.

"ಕುರಿ ನನ್ನವು" ಎಂದರು ಕ್ಯಾತಪ್ಪನವರು. ದನಿ ಬಹಳ ಮೆಲ್ಲಗಿತ್ತು. "ನನ್ನ ಕೇಳಿಲ್ಲ. ನನ್ನ ಮುಂದೇ ಕುಂತು, ನನ್ನ ಕೈಗೆ ಮುದ್ದೆ ಕೊಟ್ಟು, ನನ್ನ ಕುರಿ ಮಾರ್ತಾರಾ?" ಆಮೇಲೆ ಬೆಂಚಿನ ಮೇಲೆ ಕೂತು, "ಮಾರಬ್ಯಾಡ ಅನ್ನಾಕೆ ಇಂಗ್ಲಿಷ್ನಾಗೆ ಏನಂತಾರೆ ಹೇಳ್ಕೊಡ್ರಿ" ಎಂದರು.

ಕನ್ನಡದಲ್ಲೇ ಹೇಳಿದರೆ ಸಾಲದೇ ಎಂದೆ. "ಕನ್ನಡದಾಗೆ ಅಂದ್ರೆ 'ಆಯ್ತಪ್ಪ, ನೋಡಾಣ' ಅಂತಾನೆ. ಹುಟ್ಟಿದಾಗಿನಿಂದ ಅಂಗೇ ಅಂತಾ ಬಂದವ್ನೆ" ಎಂದರು. ಅದೂ ಸರಿಯೇ. ನಾವಿಬ್ಬರೂ ಸೇರಿ ಒಂದು ಚಿಕ್ಕ ಭಾಷಣ ಸಿದ್ಧ ಮಾಡಿದೆವು. ಮೈ ಶೀಪ್. ನೋ ಸೇಲ್. ಐ ಟೆಲ್ ಯೂ. ವ್ಯಾಕರಣ ದೇವರಿಗೇ ಪ್ರೀತಿ. ಆದರೆ ಖಾರ ಇತ್ತು. ಅವರು ಅದನ್ನು ಜಪಿಸುತ್ತ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿದಿರಲಿಲ್ಲ, ತಿಪ್ಪೇಸ್ವಾಮಿ ಬಂದು ಬಾಗಿಲಲ್ಲಿ ನಿಂತ. ಹಿಂದೆ ಕಾರ್ಯದರ್ಶಿ ಹನುಮಂತರಾಯರು.

"ಸಾರ್, ನಮ್ಮಪ್ಪಂಗೆ ಏನು ಕಲಿಸ್ತಾ ಇದೀರಿ ನೀವು? ರಾತ್ರಿ ಮುದ್ದೆ ಮುಂದೆ ಇಟ್ಕಂಡು, ನನ್ನ ಕಡೆ ಬೆರಳು ತೋರ್ಸಿ, 'ಮೈ ಶೀಪ್! ನೋ ಸೇಲ್! ಐ ಸೆಲ್ ಯೂ!' ಅಂದ್ರು. ನನ್ನೇ ಮಾರ್ತಾರಂತೆ ಸಾರ್! ಹೆಂಡ್ತಿ ನಗ್ತಾಳೋ ಅಳ್ತಾಳೋ ತಿಳೀಲಿಲ್ಲ. ಪೊರೆ ತೆಗೆಸಿದ್ರೂ ಕಣ್ಣು ಇನ್ನೂ ಮಂಜಾಗೈತೆ, ಕುರಿ ಇದ್ರೆ ಮತ್ತೆ ಬೆಟ್ಟ ಹತ್ತಾಕೆ ಹೋಗ್ತಾರೆ, ಎಲ್ಲಾದ್ರೂ ಬಿದ್ದಾರು ಅಂತ ನಾವು ಹೆದರ್ಕಂಡಿದ್ದೀವಿ. ಅದಕ್ಕೇ ಮಾರಾಣ ಅಂದಿದ್ದು."

ಅವನ ಮಾತಿನಲ್ಲಿ ಸತ್ಯವಿತ್ತು. ಅದೇ ನನಗೆ ಇನ್ನಷ್ಟು ಕೋಪ ಬರಿಸಿತು. "ಇದನ್ನೇ ಅವರ ಹತ್ತಿರ ಕನ್ನಡದಲ್ಲಿ ಹೇಳಬಹುದಿತ್ತಲ್ಲಪ್ಪ" ಎಂದೆ. ಅಷ್ಟರಲ್ಲಿ ಹನುಮಂತರಾಯರು ಕೆಮ್ಮಿ, ಇಂಗ್ಲಿಷ್ ತರಗತಿಯಿಂದ ಸಂಸಾರಗಳಲ್ಲಿ ವಿರಸ ಉಂಟಾಗುತ್ತಿರುವ ಕಾರಣ ಅದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಎಂದು ಘೋಷಿಸಿದರು. ವಿರಸ! ಕಾಂಪೌಂಡರ ಹಾರ್ಮೋನಿಯಂನಿಂದ ನನ್ನ ಮನೆಯಲ್ಲಿ ಎಷ್ಟು ವಿರಸವಾಗಿದೆ ಎಂದು ಒಬ್ಬರಾದರೂ ವಿಚಾರಿಸಿದರೇ?

ಅಪ್ಪ ಮಗ ಆಮೇಲೆ ಕೂತು ಮಾತಾಡಿದರಂತೆ, ಕನ್ನಡದಲ್ಲಿ. ಕುರಿ ಮಾರುವುದಿಲ್ಲ, ಕ್ಯಾತಪ್ಪನವರು ಊರಿಗೆ ಹೋಗಿ ತಮ್ಮನ ಮನೆಯಲ್ಲಿರುವುದು, ಬೆಟ್ಟಕ್ಕೆ ಮಾತ್ರ ತಮ್ಮನೇ ಹೋಗುವುದು, ಹಬ್ಬಕ್ಕೆ ಮಗ ಸೊಸೆ ಅಲ್ಲಿಗೇ ಹೋಗುವುದು ಎಂದು ತೀರ್ಮಾನವಾಯಿತು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿಕೊಟ್ಟು ಬರೋಣವೆಂದು ನಾನೂ ಹೋದೆ. ಹೆಂಡತಿ ಚಕ್ಕುಲಿ ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡೆ. ಹುಷಾರು, ಕಣ್ಣಿಗೆ ಬಿಸಿಲು ತಾಕಿಸಬೇಡಿ, ದುರ್ಗಕ್ಕೆ ಬಂದಾಗ ನಮ್ಮ ಮನೆಗೆ ಬನ್ನಿ, ನೀವಿಲ್ಲದೆ ಬೇಜಾರಾಗುತ್ತದೆ. ಈ ಕೊನೆಯದು ನಿಜವಾದ್ದರಿಂದ ಹೇಳಲು ಕಷ್ಟವೆನಿಸಿತು.

ಕ್ಯಾತಪ್ಪನವರು ಕಿಟಕಿ ಪಕ್ಕ ಕೂತಿದ್ದರು. ಚಕ್ಕುಲಿ ಗಂಟು ಇಸಿದುಕೊಂಡು, "ಬರ್ತೀನಿ ಮೇಷ್ಟ್ರೆ. ನಿಮ್ ಪುಣ್ಯ ದೊಡ್ದು" ಎಂದರು. ಬಸ್ಸು ಅಲುಗಾಡಿತು. ನಾನು ಬಾಯಿ ತೆರೆದೆ. ಜೋಡಿಸಿಟ್ಟ ಒಂದು ಮಾತೂ ಬರಲಿಲ್ಲ.

"ಕ್ಯಾತಪ್ಪನವರೇ, ಅದು 'ಸೆಲ್ ಯೂ' ಅಲ್ಲ, 'ಟೆಲ್ ಯೂ'! ಟೆಲ್! ಟೆಲ್!" ಎಂದು ಕೂಗುತ್ತ ಬಸ್ಸಿನ ಪಕ್ಕದಲ್ಲಿ ಓಡಿದೆ. ಸಿರಿಗೆರೆಗೆ ಹೊರಟಿದ್ದ ಕಾಲೇಜು ಹುಡುಗರು ನನ್ನನ್ನು ನೋಡಿ ದಾರಿ ಬಿಟ್ಟರು.

ಕ್ಯಾತಪ್ಪನವರು ತಲೆ ಹೊರಗೆ ಹಾಕಿ ನಕ್ಕರು. "ಯಾವ್ದಾದ್ರೇನು ಮೇಷ್ಟ್ರೆ, ಅವ್ನಿಗೆ ತಿಳೀತಲ್ಲ!"

ಬಸ್ಸು ಹೋಯಿತು. ಎಂಥ ಉಡಾಫೆ ಮಾತು! ಹಾಗಾದರೆ ನಾನು ಇಷ್ಟು ವರ್ಷ ತಿದ್ದಿದ್ದೆಲ್ಲ ಏನು? ಮನೆಯವರೆಗೂ ಆ ಮಾತಿಗೆ ತಕ್ಕ ಉತ್ತರ ಹುಡುಕುತ್ತ ನಡೆದೆ. ಕನ್ನಡದಲ್ಲೂ ಹೊಳೆಯಲಿಲ್ಲ, ಇಂಗ್ಲಿಷಿನಲ್ಲೂ ಹೊಳೆಯಲಿಲ್ಲ.