ಬಾನೆಟ್ಟಿನೊಳಗಿನ ಹುತ್ತ

ಹಳೇ ಕಾರಿನ ಬಾನೆಟ್ಟನ್ನು ಮನೆಯಲ್ಲೇ ಎತ್ತಿಕೊಂಡು ಕೂತವನಿಗೆ ದಿನಕ್ಕೊಂದು ಶಾಕ್ ತಪ್ಪಿದ್ದಲ್ಲ. ಬ್ಯಾಟರಿ ವೈರು ಮುಟ್ಟಿ ಹೊಡೆಸಿಕೊಳ್ಳುವುದು ಅದರಲ್ಲಿ ತೀರಾ ಸಣ್ಣದು. ದೊಡ್ಡವೆಲ್ಲ ಮನೆಯವರಿಂದ, ಬೀದಿಯವರಿಂದ ಬರುತ್ತವೆ. ಆಷಾಢದಿಂದ ಆಯುಧಪೂಜೆಯವರೆಗೆ ನನಗೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಢವಢವ ಅನ್ನುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಊರು ದೊಡ್ಡಬಳ್ಳಾಪುರ ತಾಲ್ಲೂಕು, ಮಧುರೆ ಕಡೆ. ಕಾರು ನಮ್ಮಪ್ಪನದು, ಬಿಳಿ ಬಣ್ಣದ್ದು. ಒಂದು ಕಾಲಕ್ಕೆ ಬೀದಿಗೆಲ್ಲ ಅದೊಂದೇ ಕಾರು. ಹೆರಿಗೆಗೂ ಅದೇ, ಹಾವು ಕಚ್ಚಿದವರಿಗೂ ಅದೇ, ಹೆಣ್ಣು ನೋಡಲು ಹೋಗುವವರಿಗೂ ಅದೇ. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತೇ ಇತ್ತು. ಅದನ್ನು ನೋಡಿದರೆ ನನಗೆ ಅಪ್ಪ ಅಂಗಿಯ ತೋಳು ಮಡಚಿಕೊಂಡು ಸ್ಟೇರಿಂಗ್ ಹಿಡಿದದ್ದು ಕಾಣುತ್ತದೆ. ನನ್ನ ಹೆಂಡತಿಗೆ ಅದೇ ಜಾಗದಲ್ಲಿ ಒಂದು ಹಿಟ್ಟಿನ ಮಿಷನ್ನು ಕಾಣುತ್ತದೆ. ಶೆಡ್ಡು ಖಾಲಿಯಾದರೆ ಮಿಷನ್ ಹಾಕಿ, ನಾಲ್ಕು ಊರಿನ ರಾಗಿ ಬೀಸಿಕೊಡಬೇಕೆಂಬುದು ಅವಳ ಬಹುದಿನದ ಆಸೆ.

ಕೊನೆಗೆ ಅವಳೇ ತೀರ್ಮಾನ ಹೇಳಿದಳು. "ರೀ, ಈ ಸಲ ಆಯುಧಪೂಜೆ ದಿನ ಈ ಕಾರು ತಾನಾಗೇ ಶೆಡ್ಡಿಂದ ಆಚೆ ಬಂದ್ರೆ ಇಟ್ಕೊಳ್ಳಿ, ನಾನು ತುಟಿ ಪಿಟಕ್ ಅನ್ನಲ್ಲ. ಜನ ಸೇರ್ಕೊಂಡು ತಳ್ಳೋ ಹಾಗಿಲ್ಲ. ಬರ್ಲಿಲ್ವಾ, ಮಾರನೇ ದಿನ ಗುಜರಿಯೋನು ಬರ್ತಾನೆ. ಹೇಳಿ ಆಗಿದೆ."

ಅಪ್ಪನ ಕಾರನ್ನು ಸುತ್ತಿಗೆಯಲ್ಲಿ ಬಡಿದು ಮುದ್ದೆ ಮಾಡುವುದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗದು. "ಆಗ್ಲಿ" ಅಂದೆ. ಉಳಿದದ್ದು ಹೇಗಾದರೂ ಇರಲಿ, ಬಾನೆಟ್ಟಿನ ಒಳಗಿರುವುದನ್ನೆಲ್ಲ ಬಿಚ್ಚಿ, ತೊಳೆದು, ಬಣ್ಣ ಹೊಡೆದು ಹೊಸದು ಮಾಡಿದರೆ ಸಾಕು ಎಂದು ಲೆಕ್ಕ ಹಾಕಿದೆ. ಇಂಜಿನ್ ಓಡಿದರೆ ಕಾರು ಓಡುತ್ತದೆ. ವಿಜ್ಞಾನದ ಮೇಷ್ಟ್ರಿಗೆ ಇಷ್ಟೂ ಗೊತ್ತಿರುವುದಿಲ್ಲವೇ?

ಇಲಿ ತಿಂದ ಜಾತಕ

ಬಾನೆಟ್ಟು ಎತ್ತಿದ ಮೊದಲ ದಿನ ಇಂಜಿನ್ ಕಾಣಲೇ ಇಲ್ಲ. ಅದರ ಮೇಲೆ ಇಲಿಗಳು ಸಂಸಾರ ಹೂಡಿದ್ದವು. ಹುಲ್ಲು, ಹತ್ತಿ, ಗೋಣಿಚೀಲದ ಚೂರು, ನನ್ನ ಒಂದು ಕಾಲುಚೀಲ, ಅಮ್ಮನ ರೇಷ್ಮೆ ರವಿಕೆಯ ಅರ್ಧ ತೋಳು, ಒಂದೊಂದಾಗಿ ಎಳೆದು ಅಂಗಳಕ್ಕೆ ಹಾಕುತ್ತಾ ಬಂದೆ.

"ರಾಜಘಟ್ಟದಲ್ಲಿ ಹಳೇ ಬೌದ್ಧ ವಿಹಾರ ಅಗೆದೋರಿಗೂ ಇಷ್ಟೊಂದು ಸಿಕ್ಕಿರ್ಲಿಲ್ಲ" ಎಂದಳು ಹೆಂಡತಿ. ಪೊರಕೆ ಹಿಡಿದು ಗುಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಬಗ್ಗಿ ಒಂದು ಹಳದಿ ಕಾಗದದ ಚೂರು ಎತ್ತಿಕೊಂಡಳು. ಮೂಲೆಗೆ ಅರಿಶಿನ ಹಚ್ಚಿದ್ದ ಗುರುತಿತ್ತು. ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ನೋಡಿ ನನಗೆ ಗಾಬರಿಯಾಯಿತು. ಅದು ನನ್ನ ಜಾತಕ. ಇಲಿ ಎಲ್ಲವನ್ನೂ ತಿಂದು ಎರಡೇ ಎರಡು ಸಾಲು ಬಿಟ್ಟಿತ್ತು. ಒಂದರಲ್ಲಿ ನನ್ನ ಹೆಸರು, ಇನ್ನೊಂದರಲ್ಲಿ "ಪ್ರಬಲ ಕುಜದೋಷ".

ನಮ್ಮ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಆಗ ಜಾತಕ ಸಿಗಲಿಲ್ಲವೆಂದು ಬರೀ ಹೆಸರುಬಲ ನೋಡಿ ಮದುವೆ ಮಾಡಿದ್ದರು.

ಹೆಂಡತಿ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಅಮ್ಮನ ಮುಂದೆ ನಿಂತಳು. "ಅತ್ತೆ, ಅವತ್ತು ನಮ್ಮಪ್ಪ ಜಾತಕ ಕೇಳ್ದಾಗ ಇಲಿ ತಿಂದ್ಬಿಟ್ಟಿದೆ ಅಂದಿದ್ರಲ್ಲ?"

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. "ನಾನೇನು ಸುಳ್ಳು ಹೇಳಿದ್ನೇನಮ್ಮ? ನೋಡು, ಇಲೀನೇ ತಿಂದಿರೋದು."

ತನಿ

ಇಲಿಗೂಡು ತೆಗೆದ ಮೇಲೆ ರೇಡಿಯೇಟರಿನ ಹಿಂದೆ ಹಾವಿನ ಪೊರೆ ಸಿಕ್ಕಿತು, ಮಾರುದ್ದದ್ದು. ಇಲಿ ಇದ್ದ ಕಡೆ ಹಾವು ಬರುತ್ತದೆ, ಅದರಲ್ಲಿ ಅತಿಶಯವೇನೂ ಇಲ್ಲ. ನನ್ನ ತಪ್ಪೇನೆಂದರೆ, ಅದನ್ನು ಕೋಲಿನಲ್ಲಿ ಎತ್ತಿಕೊಂಡು ಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ಕೈಮುಗಿದರು, ಅಷ್ಟೇ. ಮಾತಾಡಲಿಲ್ಲ. ಅಮ್ಮ ಮಾತಾಡದಿದ್ದರೆ ಹೆದರಬೇಕು ಎನ್ನುವುದು ನನಗೆ ಆಗ ಮರೆತುಹೋಗಿತ್ತು.

ಮೂರು ವಾರ ಸೀಮೆಎಣ್ಣೆ, ಬ್ರಷ್ಷು, ಹಳೇ ಬನಿಯನ್ನು ಹಿಡಿದು ಇಂಜಿನ್ ಉಜ್ಜಿದೆ. ಹನ್ನೆರಡು ವರ್ಷದ ಜಿಡ್ಡು ಹೋಗಿ ಕಬ್ಬಿಣ ಕಾಣತೊಡಗಿತು. ಹೊಸ ಆಯಿಲ್ ಹಾಕಬೇಕೆಂದು ಮೇಲಿನ ಮುಚ್ಚಳ ತೆಗೆದಿಟ್ಟು, ಆಯಿಲ್ ಸಾಲದೆ ತರಲು ದೊಡ್ಡಬಳ್ಳಾಪುರಕ್ಕೆ ಹೋದೆ. ಅವತ್ತು ನಾಗರಪಂಚಮಿ.

ತಿರುಗಿ ಬಂದರೆ ಶೆಡ್ಡಿನ ಮುಂದೆ ಬೀದಿಯ ಹೆಂಗಸರೆಲ್ಲ ಸಾಲು ನಿಂತಿದ್ದಾರೆ! ಮಡಿಯಲ್ಲಿದ್ದಾರೆ, ಕೈಯಲ್ಲಿ ಹಾಲಿನ ಚೊಂಬು, ತಟ್ಟೆಯಲ್ಲಿ ತಂಬಿಟ್ಟು, ಚಿಗಳಿ. ಬಾನೆಟ್ಟಿಗೆ ಅರಿಶಿನ ಕುಂಕುಮ. ಎಲ್ಲರಿಗಿಂತ ಮುಂದೆ ಅಮ್ಮ. ಆಯಿಲ್ ಹಾಕುವ ತೂತಿನ ಸುತ್ತ ಗೆಜ್ಜೆವಸ್ತ್ರ ಇಟ್ಟು, ಅದರೊಳಕ್ಕೆ ಭಕ್ತಿಯಿಂದ ಹಾಲಿನ ತನಿ ಎರೆಯುತ್ತಿದ್ದಾರೆ.

"ಅಮ್ಮಾ! ಅದು ಇಂಜಿನ್ನು!"

"ನಾಗಪ್ಪ ಎಲ್ಲಿರ್ತಾನೋ ಅದೇ ಹುತ್ತ ಕಣಪ್ಪ. ನೀನೇ ಪೊರೆ ತಂದು ತೋರಿಸ್ಲಿಲ್ವಾ? ಬಾಯಿ ಬೇರೆ ತೆಗ್ದಿಟ್ಟು ಹೋಗಿದ್ದೆ. ನಾನೇನೋ ನಿನಗೂ ಬುದ್ಧಿ ಬಂತು ಅಂದ್ಕೊಂಡೆ."

ಆ ಹೊತ್ತಿಗೆ ಹದಿನಾಲ್ಕು ಮನೆಯ ಹಾಲು ಇಂಜಿನ್ನಿನ ಹೊಟ್ಟೆ ಸೇರಿತ್ತು. ಇನ್ನೂ ಸರದಿಗೆ ಕಾಯುತ್ತಿದ್ದವರು ನನ್ನನ್ನೇ ಧರ್ಮಕ್ಕೆ ಅಡ್ಡ ಬಂದವನಂತೆ ನೋಡಿದರು.

ಮಧ್ಯಾಹ್ನ ಕಾರಿನ ಕೆಳಗೆ ಮಲಗಿ, ಬಕೆಟ್ ಇಟ್ಟು ಕೆಳಗಿನ ಬೋಲ್ಟ್ ಬಿಚ್ಚಿದೆ. ಒಳಗಿದ್ದ ಹಳೇ ಆಯಿಲ್ಲೂ ಹಾಲೂ ಬೆರೆತು ಸಣ್ಣ ಧಾರೆಯಾಗಿ ಇಳಿಯಿತು. ಎದುರುಮನೆಯ ಮಗ್ಗದ ಯಜಮಾನರು ಬಂದು ಇಣುಕಿದರು. ಮನೆಯಲ್ಲಿ ಆರು ಪವರ್‌ಲೂಮ್ ಓಡಿಸುವವರು, ಯಾವ ಯಂತ್ರದ ಬಗ್ಗೆ ಬೇಕಾದರೂ ಅಭಿಪ್ರಾಯ ಕೊಡಬಲ್ಲರು. ಬಕೆಟ್ಟನ್ನು ನೋಡಿದರು, ಬಣ್ಣ ನೋಡಿದರು, ತಲೆದೂಗಿದರು.

"ಡಿಕಾಕ್ಷನ್ ಒಂಚೂರು ಜಾಸ್ತಿ ಆಯ್ತು ಮೇಷ್ಟ್ರೇ."

ತಾಂಬೂಲ

ಹಾಲಿನಿಂದ ಪಾಠ ಕಲಿತು ನಾನು ಶಿಸ್ತಿನ ಮನುಷ್ಯನಾದೆ. ಇಂಜಿನ್ನಿನಿಂದ ಬಿಚ್ಚಿದ ನಟ್ಟು ಬೋಲ್ಟುಗಳನ್ನು ತೊಳೆದು ಒರೆಸಿ, ಯಾವ ಭಾಗದ್ದು ಎಂದು ಚೀಟಿ ಬರೆದು, ಸಣ್ಣ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಡುಮನೆಯ ಸ್ಟೀಲ್ ಹರಿವಾಣದಲ್ಲಿ ಜೋಡಿಸಿಟ್ಟೆ. ಕವರುಗಳು ಎಲ್ಲಿಯವು? ಹೆಂಡತಿ ಅಡುಗೆಮನೆಯಲ್ಲಿ ತಂದಿಟ್ಟಿದ್ದ ಕಟ್ಟಿನಿಂದಲೇ ತೆಗೆದುಕೊಂಡಿದ್ದೆ. ಅವಳು ಅವನ್ನು ತಂದಿದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ.

ಹಬ್ಬದ ಸಂಜೆ ನಾನು ಸ್ಕೂಲಿನಿಂದ ಬರುವುದು ತಡವಾಯಿತು. ಬಂದು ನೋಡಿದರೆ ಹರಿವಾಣ ಬರಿದು.

"ಇದರಲ್ಲಿದ್ದದ್ದು?"

"ತಾಂಬೂಲದ್ದಾ? ಅತ್ತೆ ಕೊಟ್ಟು ಮುಗಿಸಿದ್ರು. ಕಡೇಲಿ ಸಾಲದೇ ಬರುತ್ತೆ ಅಂದ್ಕೊಂಡಿದ್ದೆ, ಹೇಗೋ ಸರಿಹೋಯ್ತು."

ಅಮ್ಮನಿಗೆ ಸಂಜೆ ಹೊತ್ತು ಕಣ್ಣು ಅಷ್ಟಕ್ಕಷ್ಟೇ. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಲ್ಲಿ ಮೊದಲು ಬಂದವರಿಗೆ ಎಲೆ, ಅಡಿಕೆ, ಬಾಳೆಹಣ್ಣು ಹೋಗಿತ್ತು. ಆಮೇಲೆ ಬಂದ ಹನ್ನೊಂದು ಜನಕ್ಕೆ ಇಂಜಿನ್ ಹೋಗಿತ್ತು.

ಮಾರನೇ ದಿನ ಬೆಳಿಗ್ಗೆ ನಾನು ಮನೆಮನೆ ಬಾಗಿಲಿಗೆ ಹೋಗಿ ನಿಂತೆ. ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ "ಏನಮ್ಮಾ, ನಿನ್ನೆ ನಿಮ್ಮ ತಾಂಬೂಲದಲ್ಲಿ ಬೋಲ್ಟು ಬಂತೇ?" ಎಂದು ಕೇಳುವುದೆಂದರೆ ಹೇಗಿರಬೇಕು, ನೀವೇ ಯೋಚನೆ ಮಾಡಿ. ಒಬ್ಬಾಕೆ, "ಎಲ್ಲಾರೂ ಸ್ಟೀಲ್ ಬಟ್ಲು ಕೊಡ್ತಾರೆ, ಮೇಷ್ಟ್ರ ಮನೇಲಿ ಏನೋ ಹೊಸದು ಅಂದ್ಕೊಂಡೆ" ಎಂದು ವಾಪಸ್ ಕೊಟ್ಟರು. ಇನ್ನೊಂದು ಮನೆಯ ಗಂಡಸು ಆಗಲೇ ತನ್ನ ಟ್ರ್ಯಾಕ್ಟರಿಗೆ ಎರಡು ಹಾಕಿಕೊಂಡಿದ್ದ. ಸರಿಯಾಗಿ ಕೂತಿದೆ ಎಂದು ಮೆಚ್ಚಿಕೊಂಡ, ಬಿಚ್ಚಿಕೊಡಲು ಅರ್ಧ ಗಂಟೆ ಹಿಡಿಯಿತು.

ಕೊನೆಯ ಮನೆಯಲ್ಲಿ ಕಾರ್ಬೊರೇಟರಿನ ನಟ್ಟುಗಳು ದೇವರಮನೆಯ ಕಲಶದ ಪಕ್ಕ ಕೂತಿದ್ದವು. ಹೂವು ಏರಿಸಿದ್ದರು. "ಲಕ್ಷ್ಮಿ ಮನೇಗ್ ಬಂದಿದ್ದು, ಹೆಂಗೆ ಆಚೆ ಕಳಿಸ್ಲಿ?" ಎಂದು ಆಕೆ ಅಡ್ಡ ನಿಂತರು. ನಾನು ಕೈಮುಗಿದು, ಅಪ್ಪನ ಕಾರು, ಗುಜರಿ, ಹೆಂಡತಿಯ ಗಡುವು ಎಲ್ಲಾ ಹೇಳಿಕೊಂಡ ಮೇಲೆ ಕರಗಿದರು. ಕವರ್ ಕೈಗಿಟ್ಟು, ದನಿ ತಗ್ಗಿಸಿ ಕೇಳಿದರು:

"ಇಂಥದ್ದೇ ಇನ್ನೊಂದಿದ್ರೆ ಕೊಡಿ ಮೇಷ್ಟ್ರೇ. ನಮ್ಮ ನಾದಿನಿಗೆ ನಿಮ್ಮನೇಲಿ ಬರೀ ಎಲೆ ಅಡಿಕೆ ಕೊಟ್ರಂತೆ, ಬೇಜಾರು ಮಾಡ್ಕೊಂಡವಳೆ."

ಒಂದಿಂಚೂ ಬಿಡದ ಪೇಂಟರು

ಬಣ್ಣದ ಕೆಲಸವನ್ನು ನಾನೇ ಮಾಡಬೇಕಿತ್ತು. ದಸರಾ ಹತ್ತಿರ ಬಂದು ಗಡಿಬಿಡಿಯಾಯಿತು. ಹಬ್ಬಕ್ಕೆ ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರಿಗೆ ಒಪ್ಪಿಸಿದೆ. ಒಳ್ಳೆಯ ಕೆಲಸಗಾರ, ಸ್ಪ್ರೇ ಮಿಷನ್ ಬೇರೆ ಇಟ್ಟುಕೊಂಡಿದ್ದ. "ಬೂದು ಬಣ್ಣ. ಎಲ್ಲೂ ಬಿಡಬಾರದು, ಮೂಲೆ ಮೂಲೇನೂ ಆಗ್ಬೇಕು" ಎಂದು ಹೇಳಿ ಸ್ಕೂಲಿಗೆ ಹೋದೆ.

ಸಂಜೆ ಬಂದು ಬಾನೆಟ್ಟಿನೊಳಗೆ ನೋಡಿದವನು ಹಾಗೇ ನಿಂತುಬಿಟ್ಟೆ. ಒಳಗೋಡೆ ಬೂದು. ಇಂಜಿನ್ ಬೂದು. ಬ್ಯಾಟರಿ ಬೂದು. ವೈರು, ಬೆಲ್ಟು, ರಬ್ಬರ್ ಪೈಪು, ಕೆಂಪು ಮುಚ್ಚಳ, ಕರಿ ಮುಚ್ಚಳ, ನಾನು ಮರೆತು ಬಿಟ್ಟಿದ್ದ ಸ್ಪ್ಯಾನರ್ ಎಲ್ಲಾ ಬೂದು. ಎಲ್ಲಿ ಏನಿದೆ ಎಂದು ತಡವಿ ನೋಡಿಯೇ ತಿಳಿಯಬೇಕು. ಅದರ ನಡುವೆ, ಬ್ಯಾಟರಿಯ ಮೇಲೆ, ಎರಡು ದಿನದಿಂದ ನಾನು ಮನೆಯೆಲ್ಲ ಹುಡುಕುತ್ತಿದ್ದ ನನ್ನ ಕನ್ನಡಕ. ಅದರ ಎರಡು ಗಾಜೂ ಬೂದು.

"ಲೇ ಮಾರಾಯ, ಅದು ಕನ್ನಡಕ ಅಂತ ಗೊತ್ತಾಗ್ಲಿಲ್ವೇನೋ?"

"ಗೊತ್ತಾಯ್ತು ಸಾ. ಅದಕ್ಕೇ ಎರಡು ಕೋಟ್ ಹೊಡ್ದೆ. ಗಾಜಿನ ಮೇಲೆ ಒಂದು ಕೋಟ್ ನಿಲ್ಲಲ್ಲ."

ಆಯುಧಪೂಜೆ

ಗಡುವಿನ ದಿನ ಬಂತು. ಹಿಂದಿನ ಒಂದು ವಾರ ವೈರುಗಳ ಬಣ್ಣ ಕೆರೆದು, ಟಯರಿಗೆ ಗಾಳಿ ಹೊಡೆಸಿ, ಪೆಟ್ರೋಲ್ ತುಂಬಿಸಿದ್ದೆ. ಇಂಜಿನ್ ಕೆಮ್ಮುತ್ತಿತ್ತು, ಉಗುಳುತ್ತಿತ್ತು, ಸ್ಟಾರ್ಟ್ ಮಾತ್ರ ಆಗಿರಲಿಲ್ಲ. ಹೆಂಡತಿ ಗುಜರಿಯವನಿಗೆ ಫೋನು ಮಾಡಿ "ನಾಳೆ ಬೇಗ ಬಾಪ್ಪಾ" ಎಂದದ್ದು ಕಿವಿಗೆ ಬಿದ್ದಿತ್ತು.

ಶೆಡ್ಡಿನಲ್ಲಿ ಕಾರಿನ ಮೂತಿ ರಸ್ತೆಯ ಕಡೆಗಿತ್ತು. ಎರಡು ಕಡೆ ಬಾಳೆಕಂದು ಕಟ್ಟಿದೆವು. ಅಮ್ಮ ಬಾನೆಟ್ಟು ಎತ್ತಿಸಿ, ಇಂಜಿನ್ ತುಂಬ ಸೇವಂತಿಗೆ ಸುರಿದು, ಬೊಗಸೆ ಕುಂಕುಮ ಹಾಕಿ ಮಂಗಳಾರತಿ ಮಾಡಿದರು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೀದಿಯೆಲ್ಲ ಸೇರಿತ್ತು, ತಾಂಬೂಲದ ಹನ್ನೊಂದು ಜನವೂ ಇದ್ದರು. ನಾನು ಬಾನೆಟ್ಟು ಮುಚ್ಚಲು ಹೋದೆ.

"ಮುಚ್ಬೇಡ ಕಣೋ! ಪೂಜೆ ಮಾಡಿದ್ ತಕ್ಷಣ ದೇವರ ಮುಂದೆ ಬಾಗ್ಲು ಹಾಕ್ತಾರಾ?" ಎಂದರು ಅಮ್ಮ.

"ನೀವು ಕೂತ್ಕೊಳಿ ಮೇಷ್ಟ್ರೇ, ನಾನು ದಾರಿ ಹೇಳ್ತೀನಿ" ಎಂದರು ಮಗ್ಗದ ಯಜಮಾನರು.

ಅಪ್ಪನ ಸೀಟಿನಲ್ಲಿ ಕೂತೆ. ಮನಸ್ಸಿನಲ್ಲೇ ಅಪ್ಪನಿಗೆ ಕೈಮುಗಿದು ಕೀಲಿ ತಿರುಗಿಸಿದೆ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಕಾರು ಒಮ್ಮೆ ಮೈ ಝಾಡಿಸಿ, ಹನ್ನೆರಡು ವರ್ಷದ ಹಿಂದೆ ಸಂಜೆ ಹೊತ್ತು ತಿರುವಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಗುಡುಗಿತು. ನನಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತೆ. ಹೊರಗೆ ಜನ ಚಪ್ಪಾಳೆ ಹೊಡೆದರು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ನಿಂಬೆಹಣ್ಣು ಪಚಕ್ಕೆಂದವು. ಕಾರು ತಾನಾಗಿ ಶೆಡ್ಡಿನಿಂದ ಆಚೆ ಬಂತು!

ಅಷ್ಟರಲ್ಲಿ ಫ್ಯಾನು ಬೀಸಿ ಸೇವಂತಿಗೆ, ಕುಂಕುಮವೆಲ್ಲ ಮುಂದಿನ ಗಾಜಿಗೆ ಬಡಿಯಿತು. ಎದುರಿಗೆ ಎತ್ತಿದ ಬಾನೆಟ್ಟು, ಸಾಲದ್ದಕ್ಕೆ ಗಾಜೆಲ್ಲ ಕೆಂಪು. ಏನೂ ಕಾಣುವುದಿಲ್ಲ. ಹೊರಗಿನ ದನಿಯೊಂದೇ ಆಸರೆ.

"ಬನ್ನಿ, ಬನ್ನಿ, ಬನ್ನಿ... ಸಾಕು. ಸಾಕು ಮೇಷ್ಟ್ರೇ. ನಿಲ್ಸಿ!"

ಬ್ರೇಕ್ ಒತ್ತಿದೆ. ಕಾಲು ಸೀದಾ ನೆಲಕ್ಕೆ ಹೋಯಿತು. ಅಡ್ಡಿಯೇ ಇಲ್ಲ. ಆಗ, ಆ ಕ್ಷಣದಲ್ಲಿ, ನನಗೆ ಹೊಳೆಯಿತು: ಮೂರು ತಿಂಗಳು ಓಡುವುದನ್ನು ಮಾತ್ರ ರಿಪೇರಿ ಮಾಡಿದ್ದೇನೆ, ನಿಲ್ಲುವುದನ್ನು ಮುಟ್ಟಿಯೇ ಇಲ್ಲ. ನಮ್ಮ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಜಡತ್ವದ ನಿಯಮವನ್ನು ಪ್ರತಿ ವರ್ಷ ಹೇಳಿಕೊಡುತ್ತೇನೆ, ಅವತ್ತು ಮೊದಲ ಸಲ ಪೂರ್ತಿ ಅರ್ಥವಾಯಿತು. ಜನ ಚೆಲ್ಲಾಪಿಲ್ಲಿ. ಅಮ್ಮ "ನಾಗಪ್ಪಾ!" ಎಂದು ಕೂಗಿದ್ದು ಕೇಳಿತು. ಬಾಳೆಕಂದು ಸಮೇತ ಕಾರು ರಸ್ತೆ ದಾಟಿ, ಮಗ್ಗದ ಯಜಮಾನರ ಖಾಲಿ ಸೈಟಿಗೆ ನುಗ್ಗಿ, ಅವರ ತಿಪ್ಪೆಯೊಳಗೆ ಬಾಗಿಲವರೆಗೆ ಹೂತು ನಿಂತಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಇಂಜಿನ್ ಇನ್ನೂ ಓಡುತ್ತಿತ್ತು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ, ಬೆರಳು ಬಿಡಿಸಲಾಗಲಿಲ್ಲ. ಮಗ್ಗದ ಯಜಮಾನರು ಓಡಿ ಬಂದು ಕಿವಿಗೊಟ್ಟು ಕೇಳಿ, "ಏನೇ ಹೇಳಿ, ಸೌಂಡು ಮಾತ್ರ ಬಲೇ ಸ್ಮೂತು" ಎಂದರು.

ಹೆಂಡತಿ ನಿಧಾನವಾಗಿ ಬಂದಳು. ಸೆರಗು ಮೂಗಿಗೆ ಒತ್ತಿಕೊಂಡು, ಕಿಟಕಿಯಲ್ಲಿ ಬಗ್ಗಿ ನನ್ನ ಕೈಕಾಲು ನೆಟ್ಟಗಿದೆಯೇ ನೋಡಿದಳು. ಆಮೇಲೆ ಫೋನು ತೆಗೆದು ಗುಜರಿಯವನಿಗೆ ಬರಬೇಡವೆಂದು, ನನಗೆ ಹೇಳಿದಳು: "ತಾನಾಗೇ ಆಚೆ ಬಂತು ಕಣ್ರೀ. ಮಾತಂದ್ರೆ ಮಾತು. ಕಾರು ಇಟ್ಕೊಳ್ಳಿ."

ಎಂಥಾ ದೊಡ್ಡ ಮನಸ್ಸು ಇವಳದು ಎಂದುಕೊಂಡೆ. ಕಣ್ಣೊರೆಸಿಕೊಂಡು, ಟ್ರ್ಯಾಕ್ಟರಿನಲ್ಲಿ ಎಳೆಸಿದರೆ ಸಂಜೆಯೊಳಗೆ ಕಾರನ್ನು ಮತ್ತೆ ಶೆಡ್ಡಿಗೆ ಸೇರಿಸಬಹುದು ಎಂದೆ.

ಅವಳು ಆಗಲೇ ರಸ್ತೆ ದಾಟಿದ್ದಳು. ಕಾರಿಗೆಂದು ಇಟ್ಟಿದ್ದ ಬೂದುಗುಂಬಳವನ್ನು ಎತ್ತಿ, ಖಾಲಿಯಾದ ಶೆಡ್ಡಿನ ಬಾಗಿಲಲ್ಲಿ ಇಳಿ ತೆಗೆದು ಪಟಾರನೆ ಒಡೆದಳು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇಟ್ಕೊಳ್ಳಿ ಅಂದೆ. ಶೆಡ್ಡಲ್ಲಿ ಅಂತ ಅಂದ್ನಾ?"