ಬಾಂದ್ರಾದಿಂದ ಬಂದ ಕಾರ್ಬುರೇಟರ್

ಯಾರಾದರೂ ನನಗೆ ಉಪಕಾರ ಮಾಡಿದರೆ ಅವತ್ತೆಲ್ಲ ನನಗೆ ನೆಮ್ಮದಿ ಇರುವುದಿಲ್ಲ. ಕೇಡು ಮಾಡಿದವರಿಗೆ ಏನೋ ಒಂದು ಕಾರಣ ಇರುತ್ತದೆ, ಅರ್ಥಮಾಡಿಕೊಳ್ಳಬಹುದು. ಒಳ್ಳೆಯದು ಮಾಡಿದವರದ್ದೇ ಕಷ್ಟ. ಕುರ್ಲಾದಲ್ಲಿ ಲೋಕಲ್ ಹತ್ತಿದಾಗ ಯಾವನಾದರೂ ಹುಡುಗ ಎದ್ದು "ಬೈಠಿಯೇ ಅಂಕಲ್" ಅಂದರೆ, ಮೊದಲು ಸೀಟನ್ನು ನೋಡುತ್ತೇನೆ, ಆಮೇಲೆ ಜೇಬು ಮುಟ್ಟಿಕೊಳ್ಳುತ್ತೇನೆ, ಕೂತ ಮೇಲೆ ಅವನು ಅಂಕಲ್ ಅಂದದ್ದು ನೆನಪಾಗಿ ಕೊರಗುತ್ತೇನೆ. ತರಕಾರಿಯವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಚೀಲಕ್ಕೆ ತುರುಕಿದಳೋ, ಮನೆಗೆ ಬಂದು ಟೊಮೆಟೊಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿಯೇ ಸೈ. "ನಿಮ್ಮನ್ನ ಮದುವೆ ಆಗಿದ್ದೂ ನನ್ನದೇನೋ ಸಂಚು ಅಂದ್ಕೊಂಡಿದೀರಾ?" ಎಂದು ನನ್ನ ಹೆಂಡತಿ ವಿಜಯ ಒಮ್ಮೆ ಕೇಳಿದ್ದಳು. ಉತ್ತರ ಕೊಡಲು ನಾನು ಸ್ವಲ್ಪ ತಡಮಾಡಿದೆ. ಆ ತಡವನ್ನು ಅವಳು ಇವತ್ತಿಗೂ ಮರೆತಿಲ್ಲ.

ಇಂಥ ಸ್ವಭಾವದವನು ಹಳೆಯ ಕಾರು ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡಿದ್ದೇನೆ. ಮುಂಬಯಿಯ ರಸ್ತೆಗಳಲ್ಲಿ ಹಿಂದೆ ತುಂಬಿಕೊಂಡಿದ್ದ ಕಪ್ಪು ಹಳದಿ ಟ್ಯಾಕ್ಸಿಗಳ ಜಾತಿಯದೇ, ಆದರೆ ಬಿಳಿ ಬಣ್ಣದ್ದು. ಚೆಂಬೂರಿನ ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಬಾದಾಮಿ ಮರದ ಕೆಳಗೆ ನಿಂತಿರುತ್ತದೆ. "ಚಲ್ತೀ ಹೈ ಕ್ಯಾ?" ಎಂದು ಕೇಳದೆ ಯಾರೂ ಅದರ ಪಕ್ಕ ಹಾದುಹೋಗುವುದಿಲ್ಲ. ಓಡುತ್ತದೆ, ಆದರೆ ಅದಕ್ಕೆ ಮನಸ್ಸು ಬರಬೇಕು. ಇಂಥ ಗಾಡಿಯ ಸ್ಪೇರ್ ಪಾರ್ಟ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ನಮ್ಮಂಥವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಚೀಟಿ ಎತ್ತಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಜೋಡಿಯಾದವರು ತಮ್ಮ ಬಳಿ ಹೆಚ್ಚಾಗಿರುವ ಬಿಡಿಭಾಗಗಳನ್ನೂ ಗ್ಯಾರೇಜಿನ ಚಿಲ್ಲರೆ ಸಾಮಾನುಗಳನ್ನೂ ಪೆಟ್ಟಿಗೆಗೆ ತುಂಬಿ, ಆಗಾಗ ಒಬ್ಬರಿಗೊಬ್ಬರು ಪೋಸ್ಟಿನಲ್ಲಿ ಕಳಿಸಬೇಕು. ಒಳಗೆ ಏನಿದೆ ಎಂದು ಮೊದಲೇ ಹೇಳುವಂತಿಲ್ಲ, ಪೆಟ್ಟಿಗೆ ಬಿಚ್ಚುವುದರಲ್ಲೇ ಮಜಾ. ನನ್ನ ಜೋಡಿಯಾಗಿ ಬಂದದ್ದು ಬಾಂದ್ರಾದ ವಿ. ಶೆಣೈ ಎಂಬವರು. ಹೆಸರಿನ ಪಕ್ಕ ಮುಖದ ಬದಲು ಒಂದು ಗುಲಾಬಿ ಹೂವಿನ ಚಿತ್ರ.

"ಬಾಂದ್ರಾಕ್ಕೆ ಇಲ್ಲಿಂದ ಬಸ್ಸೇ ಇದೆಯಲ್ರೀ. ಹೋಗಿ ಕೊಟ್ಟು ಬರಬಾರದಾ?" ಎಂದಳು ವಿಜಯ. ನಿಯಮ ಎಂದರೆ ನಿಯಮ ಎಂದು ಅವಳಿಗೆ ತಿಳಿಹೇಳಿ ಮೊದಲ ಪೆಟ್ಟಿಗೆ ತುಂಬಿದೆ. ಸತ್ತುಹೋದ ಒಂದು ಹಾರ್ನು, ಸೀಳುಬಿಟ್ಟ ಹಿಂಬದಿ ದೀಪದ ಗಾಜು, ರಬ್ಬರಿಲ್ಲದ ವೈಪರ್ ಕಡ್ಡಿ, ಯಾವ ಕಾರಿನದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈಗಳ ಗೊಂಚಲು. ಗುರುತಿಲ್ಲದ ಮನುಷ್ಯನಿಗೆ ಮೊದಲ ಸಲವೇ ಒಳ್ಳೆಯದನ್ನು ಕಳಿಸುವಷ್ಟು ಹುಂಬ ನಾನಲ್ಲ. ಅತ್ತ ಕಡೆಯಿಂದಲೂ ಇಂಥದ್ದೇ ಬರುತ್ತದೆ, ಆಗ ಆತನನ್ನು ಬಯ್ಯಲು ಅನುಕೂಲವಾಗುತ್ತದೆ ಎಂದೂ ಲೆಕ್ಕ ಹಾಕಿದ್ದೆ.

ಬಂದದ್ದು ಬೇರೆ. ಪೆಟ್ಟಿಗೆ ಎಷ್ಟು ಭಾರವಿತ್ತೆಂದರೆ ಪೋಸ್ಟ್‌ಮನ್ ಅದನ್ನು ಮೇಲೆ ತರಲು ಒಪ್ಪದೆ ಗೇಟಿನಲ್ಲೇ ಇಳಿಸಿ ಹೋಗಿದ್ದ. ಬಿಚ್ಚಿದರೆ, ಎಣ್ಣೆ ಕಾಗದದಲ್ಲಿ ಸುತ್ತಿದ ಕ್ರೋಮಿನ ಬಾಗಿಲ ಹಿಡಿ, ಹೊಸ ಹಿಂಬದಿ ದೀಪ, ಗಾತ್ರದ ಪ್ರಕಾರ ಬೇರೆಬೇರೆ ಮಾಡಿಟ್ಟ ವಾಷರುಗಳು, ಎಲ್ಲದರ ಅಡಿಯಲ್ಲಿ ಹೊಳೆಯುವ ಒಂದು ಕಾರ್ಬುರೇಟರ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಈ ಸಾಮಾನಿಗಾಗಿ ನಾನು ಎಷ್ಟು ಗುಜರಿ ಅಂಗಡಿಗಳ ಮುಂದೆ ಕೈಕಟ್ಟಿ ನಿಂತಿದ್ದೇನೋ! ಸಂತೋಷವೇ ಆಯಿತು. ಆದರೆ ಅದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತೂ ಉಳಿಯಲಿಲ್ಲ. ಇಂಥದ್ದನ್ನು ಯಾರಾದರೂ ಸತ್ತ ಹಾರ್ನಿಗೆ ಬದಲಾಗಿ ಕೊಡುತ್ತಾರೆಯೇ?

"ನಿಮಗೆ ಹಾರ್ನ್ ತಲುಪಿತೇ?" ಎಂದು ಗುಂಪಿನಲ್ಲಿ ಅಲ್ಲದೆ ಖಾಸಗಿಯಾಗಿ ಕೇಳಿದೆ. "ತಲುಪಿತು. ತುಂಬಾ ಚಂದ ಉಂಟು. ಇನ್ನೂ ಕಳಿಸಿ" ಎಂದು ಉತ್ತರ ಬಂತು. ನನ್ನ ಮೈ ಜುಮ್ಮೆಂದಿತು. ಆ ಹಾರ್ನು ಚಂದ ಇರಲಿಲ್ಲ. ಕಾರಿನ ಗಂಧಗಾಳಿ ಇದ್ದ ಯಾರೂ ಅದನ್ನು ಚಂದ ಅನ್ನುವುದು ಸಾಧ್ಯವಿಲ್ಲ.

ಆಮೇಲೂ ಪೆಟ್ಟಿಗೆಗಳು ಬಂದವು. ನಾನು ಕಳಿಸುವುದು ಹೀನವಾದಷ್ಟೂ ಅಲ್ಲಿಂದ ಬರುವುದು ಶ್ರೇಷ್ಠವಾಗುತ್ತ ಹೋಯಿತು. ಒಂದರಲ್ಲಿ ಒಂದು ಬಾಚಣಿಗೆ ಸಿಕ್ಕಿತು, ಹಲ್ಲುಗಳ ನಡುವೆ ಬಿಳಿಕೂದಲು. ಇನ್ನೊಂದರಲ್ಲಿ ಅರ್ಧ ಬಳಸಿದ ಮೊಣಕಾಲು ನೋವಿನ ಮುಲಾಮು. ಅಲ್ಲಿಗೆ ನನಗೆ ಎಲ್ಲ ಸ್ಪಷ್ಟವಾಯಿತು. "ಕಳ್ಳ ಮಾಲು ಕಣೇ. ಯಾರೋ ಮುದುಕರ ಗ್ಯಾರೇಜಿಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಅವಸರದಲ್ಲಿ ಬಾಚಿಕೊಂಡು ಬಂದಿದಾರೆ. ಸಾಗಿಸೋದಕ್ಕೆ ನಮ್ಮನೆ ವಿಳಾಸ ಬಳಸ್ತಿದಾರೆ" ಎಂದೆ. ವಿಜಯ ಮುಲಾಮಿನ ಮುಚ್ಚಳ ತೆಗೆದು ಮೂಸಿದಳು. "ಒಳ್ಳೇ ಮುಲಾಮು. ನಿಮ್ಮ ಸೊಂಟಕ್ಕೆ ಆಗತ್ತೆ" ಎಂದಳು. ಪೊಲೀಸರು ಬಂದಾಗ ನನ್ನ ಸೊಂಟವೇ ಸಾಕ್ಷಿಯಾಗುತ್ತದೆ ಎಂದು ನಾನು ಹಚ್ಚಿಕೊಳ್ಳಲಿಲ್ಲ. ಆದರೆ ಕಾರ್ಬುರೇಟರನ್ನು ಅಷ್ಟರಲ್ಲಾಗಲೇ ಕಾರಿಗೆ ಹಾಕಿಸಿಬಿಟ್ಟಿದ್ದೆ. ಕಾರು ಹಿಂದೆಂದೂ ಹಾಗೆ ಓಡಿದ್ದಿಲ್ಲ. ಅದೂ ಒಂದು ಭಯವೇ ಆಯಿತು.

ಕೊನೆಗೆ ಒಂದು ಭಾನುವಾರ, ಬಾಗಿಲ ಹಿಡಿಯನ್ನು ವಾಪಸು ಕೊಡುವ ನೆಪ ಮಾಡಿಕೊಂಡು, ಪೆಟ್ಟಿಗೆಯ ಮೇಲಿದ್ದ ವಿಳಾಸ ಹಿಡಿದು ಬಾಂದ್ರಾಕ್ಕೆ ಹೊರಟೆ. ಕಾರಿನಲ್ಲೇ ಹೋದೆ. ಪತ್ತೇದಾರಿಕೆಗೆ ಹೊರಟವನು ಸಾಕ್ಷ್ಯವನ್ನು ಜೊತೆಗೇ ಓಡಿಸಿಕೊಂಡು ಹೋಗಬಾರದೆಂದು ಹೊಳೆದದ್ದು ಅವರ ಗೇಟಿನ ಮುಂದೆ ನಿಲ್ಲಿಸಿದ ಮೇಲೆ.

ಹಳೆಯ ಬಿಲ್ಡಿಂಗಿನ ನೆಲಮಹಡಿ, ಹಿಂದೆ ಗ್ಯಾರೇಜು. ಬಾಗಿಲು ತೆರೆದವರು ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು, ಹತ್ತಿ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದವರೇ ಮುಖ ಬಿಳುಚಿಕೊಂಡರು.

"ಶೆಣೈಯವರು…" ಎಂದು ಶುರುಮಾಡಿದೆ.

"ಶ್ಶ್! ನೀವು ಚೆಂಬೂರಿನವರಾ? ಅಯ್ಯೋ ಮಾರಾಯ್ರೆ, ವಾಪಸ್ ಯಾಕೆ ತಂದ್ರಿ? ಒಳಗೆ ಬನ್ನಿ, ಬೇಗ ಬನ್ನಿ!" ಎಂದು ನನ್ನನ್ನು ಅಡುಗೆಮನೆಗೇ ಎಳೆದುಕೊಂಡು ಹೋದರು. ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳಿ ಮೇಲೆ ಒಂದು ಟವಲು ಹೊದಿಸಿದರು. ಕಳ್ಳರ ಗುಂಪಿನ ನಾಯಕಿಯನ್ನು ನಾನು ಹೀಗೆ ಊಹಿಸಿರಲಿಲ್ಲ.

"ನಾನೇ ಕಳಿಸೂದು. ರತ್ನ ಅಂತ ನನ್ನ ಹೆಸರು. ಶೆಣೈ ನನ್ನ ಯಜಮಾನ್ರು, ಈಗ ಮಾರ್ಕೆಟಿಗೆ ಹೋಗಿದ್ದಾರೆ. ಅವರ ಹಳೇ ಫೋನು ನನ್ನ ಹತ್ರ ಉಂಟು, ಅದರಲ್ಲಿ ನಿಮ್ಮ ಗುಂಪು ಇತ್ತು" ಎಂದು ಪಿಸುಗುಟ್ಟಿದರು. ಮೊಣಕಾಲಿನ ತೊಂದರೆಯಿಂದ ಡಾಕ್ಟರು ಕಾರು ಓಡಿಸಬಾರದೆಂದ ಮೇಲೆ ಶೆಣೈಯವರು ಗಾಡಿ ಮಾರಿದರಂತೆ. ಆದರೆ ಅದರ ಸ್ಪೇರ್ ಪಾರ್ಟುಗಳನ್ನು ಮುಟ್ಟಲು ಯಾರಿಗೂ ಬಿಡಲಿಲ್ಲವಂತೆ. "ಬೆಳಿಗ್ಗೆ ತಿಂಡಿ ಆದ ಕೂಡಲೇ ಗ್ಯಾರೇಜಿಗೆ ಹೋಗಿ ಆ ಪೆಟ್ಟಿಗೆಗಳ ಮುಂದೆ ಕೂರ್ತಾರೆ. ಮಾತಿಲ್ಲ, ಕತೆಯಿಲ್ಲ. ಸಾಮಾನು ಖಾಲಿ ಆದ್ರೆ ಮನುಷ್ಯ ಹೊರಗೆ ಬಂದಾನು ಅಂತ ನಾನು ಒಂದೊಂದೇ ಸಾಗಿಸ್ತಾ ಇದ್ದೇನೆ. ಓಡುವ ಗಾಡಿಗೇ ಹೋಗ್ಲಿ ಅಂತ ಆಸೆ."

"ನಾನು ಕಳಿಸಿದ್ದು?" ಎಂದೆ.

"ಅದನ್ನೇ ಖಾಲಿ ಪೆಟ್ಟಿಗೆಗೆ ತುಂಬಿಸಿ ಇಡೂದು. ನಿಮ್ಮದು ಒಳ್ಳೇ ಭಾರ ಉಂಟು. ಎತ್ತಿ ನೋಡಿದ್ರೂ ಗೊತ್ತಾಗೂದಿಲ್ಲ."

ಅಷ್ಟರಲ್ಲಿ ಹೊರಬಾಗಿಲ ಸದ್ದಾಯಿತು. ಎತ್ತರದ ಮುದುಕರೊಬ್ಬರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಸಳೆಯ ಕಟ್ಟು ಹಿಡಿದು ಒಳಗೆ ಬಂದರು. ರತ್ನಕ್ಕ ರೆಪ್ಪೆ ಬಡಿಯದೆ ಹೇಳಿದರು: "ಇವರು ಮಾಟುಂಗದ ಸಂಘದವರು. ಯಕ್ಷಗಾನಕ್ಕೆ ಕರೀಲಿಕ್ಕೆ ಬಂದದ್ದು."

"ಹೌದಾ? ಯಾವ ಪ್ರಸಂಗ?" ಎಂದರು ಶೆಣೈಯವರು, ನನ್ನನ್ನು ದಿಟ್ಟಿಸಿ.

ನಾನು ಮೈಸೂರು ಕಡೆಯವನು. "ಅದು ಇನ್ನೂ… ಕಮಿಟಿಯಲ್ಲಿ ಚರ್ಚೆ ನಡೀತಾ ಇದೆ" ಎಂದೆ.

"ಭಾಗವತರು ಯಾರು?"

"ಅದೂ ಕಮಿಟಿಯಲ್ಲೇ ಇದೆ."

ಅವರು ಬಸಳೆಯನ್ನು ಹೆಂಡತಿಯ ಕೈಗೆ ಕೊಟ್ಟರು. "ನಿಮ್ಮ ಕಮಿಟಿ ದೊಡ್ಡದು ಅಂತ ಕಾಣ್ತದೆ. ಈ ಮನೆಯಲ್ಲಿ ಹುಷಾರಾಗಿರಿ, ಇಲ್ಲಿ ಕಳ್ಳತನ ಆಗ್ತಾ ಉಂಟು. ನನ್ನ ಗ್ಯಾರೇಜಿನಿಂದ ಸಾಮಾನು ಹೋಗ್ತಾ ಉಂಟು. ನನಗೆ ವಾಚ್‌ಮನ್ ಮೇಲೇ ಸಂಶಯ" ಎಂದರು. ರತ್ನಕ್ಕ ಬಸಳೆ ತೊಳೆಯಲು ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿದರು. ನಾನು ಎದ್ದು ಹೊರಡುವ ಹೊತ್ತಿಗೆ ಶೆಣೈಯವರು ಮತ್ತೆ ಕೇಳಿದರು: "ಗೇಟಿನ ಹತ್ರ ನಿಂತ ಬಿಳಿ ಗಾಡಿ ನಿಮ್ಮದಾ?"

ಅಲ್ಲ ಎಂದು ಹೇಳಿ ಬಸ್ಸಿನಲ್ಲಿ ಚೆಂಬೂರಿಗೆ ಹೋಗಿಬಿಡಬಹುದಿತ್ತು. ಬಾಯಿ ತಪ್ಪಿ ಹೌದು ಎಂದೆ. ಆ ಮನುಷ್ಯನ ಮುಖದಲ್ಲಿ ಆಗ ಬಂದ ಬೆಳಕು ನೋಡಿ ನನಗೆ ನಿಂತಲ್ಲೇ ನಾಚಿಕೆಯಾಯಿತು. "ರತ್ನಾ, ಚಾ ಇಡು. ನಾವು ಗಾಡಿ ನೋಡಿ ಬರ್ತೇವೆ" ಎಂದು ಅವರು ಊರುಗೋಲು ಕುಟ್ಟಿಕೊಂಡು ಹೊರಟೇಬಿಟ್ಟರು. "ಬಾನೆಟ್ ತೆಗೆಯೋಕೆ ಬರಲ್ಲ ಸರ್, ಜಾಮ್ ಆಗಿದೆ" ಎಂದು ನಾನು ಹಿಂದಿನಿಂದ ಕೂಗಿದೆ. ಅವರ ಬೆರಳು ಎಲ್ಲೋ ಒತ್ತಿತು, ಬಾನೆಟ್ ತಕರಾರಿಲ್ಲದೆ ಎದ್ದುಕೊಂಡಿತು. ನನಗೆ ಒಂದು ದಿನವೂ ಅದು ಹಾಗೆ ಎದ್ದಿರಲಿಲ್ಲ.

ಅವರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಕಾರ್ಬುರೇಟರಿನ ಮೇಲಿದ್ದ ಧೂಳನ್ನು ಮಗುವಿನ ಮುಖ ಒರೆಸುವಂತೆ ಒರೆಸಿದರು. "ಸ್ಟಾರ್ಟ್ ಮಾಡಿ" ಎಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. ನನ್ನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತರಿಸಿಕೊಂಡು ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಎಂಜಿನ್ನು ನಡುಗುವುದು ನಿಂತು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

"ಎಲ್ಲಿ ಸಿಕ್ಕಿತು ಇದು?"

"ಚೋರ್ ಬಜಾರಿನಲ್ಲಿ ಸರ್."

"ಅಲ್ಲಿ ನನ್ನ ಹೆಂಡತಿ ಅಂಗಡಿ ಇಟ್ಟಿದ್ದಾಳಾ?"

ಎಂಜಿನ್ ಆರಿಸಿದೆ. ತಪ್ಪಾಯಿತು, ಈಗಲೇ ಬಿಚ್ಚಿಕೊಡುತ್ತೇನೆ ಎಂದು ತೊದಲಿದೆ. ಅವರು ನನ್ನ ತೋಳು ಹಿಡಿದು ಬಾಯಿ ಮುಚ್ಚಿಸಿದರು.

"ಮೆಲ್ಲಗೆ ಮಾತಾಡಿ ಮಾರಾಯ್ರೆ, ಅವಳಿಗೆ ಕೇಳ್ತದೆ. ಆ ಸತ್ತ ಹಾರ್ನ್ ಕಳಿಸಿದ್ದು ನೀವಲ್ವಾ? ಅಂಥ ದರಿದ್ರ ಹಾರ್ನ್ ನನ್ನ ಗ್ಯಾರೇಜಿನಲ್ಲಿ ಯಾವತ್ತೂ ಇರ್ಲಿಲ್ಲ. ಅದನ್ನು ನೋಡಿದ ದಿವಸವೇ ನನಗೆ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

ಅವರು ಬಾನೆಟ್ಟಿನ ಅಂಚನ್ನು ಸವರುತ್ತ ನಿಂತರು. "ನನಗೆ ಕೊಡ್ಲಿಕ್ಕೆ ಕೈ ಬರ್ಲಿಲ್ಲ. ಅವಳು ಕದ್ದರೆ ನಾನು ಕೊಟ್ಟ ಹಾಗಾಗ್ಲಿಲ್ಲ ನೋಡಿ. ನಾನು ಏನೂ ಹೇಳದೆ ಇದ್ರೆ ಅವಳಿಗೇ ಸಂಶಯ ಬರ್ತದೆ. ಅದಕ್ಕೆ ಆಗಾಗ ವಾಚ್‌ಮನ್‌ಗೆ ಬಯ್ತೇನೆ. ಅವನಿಗೆ ಮೊದಲೇ ಹೇಳಿಟ್ಟಿದ್ದೇನೆ." ಆಮೇಲೆ ಇನ್ನೂ ದನಿ ತಗ್ಗಿಸಿದರು. "ನಿಮ್ಮ ಹಾರ್ನ್ ಸರಿಮಾಡಿದ್ದೇನೆ. ವೈಪರ್ ಕೂಡ. ನನ್ನದೆಲ್ಲ ಹೊಸತು, ಅದನ್ನು ಬರೀ ನೋಡ್ತಾ ಕೂರಬೇಕಿತ್ತು. ನಿಮ್ಮದು ಬಂದ ಮೇಲೆ ಕೈಗೆ ಸ್ವಲ್ಪ ಕೆಲಸ ಆಯ್ತು. ಇನ್ನೂ ಕೆಟ್ಟದ್ದು ಇದ್ರೆ ಕಳಿಸಿ."

ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಯಾರೋ ನನ್ನಲ್ಲಿರುವ ಅತ್ಯಂತ ಕೆಟ್ಟದ್ದನ್ನು ಬಯಸಿ ಕೇಳಿದ್ದರು. ಕಣ್ಣು ತೇವವಾಯಿತು, ಪೆಟ್ರೋಲಿನ ಹೊಗೆ ಎಂದು ಹೇಳಿದೆ. ಒಳಗೆ ಹೋಗಿ ಚಹಾ ಕುಡಿದೆವು. ಬರಲಿರುವ ಯಕ್ಷಗಾನದ ಬಗ್ಗೆ ಮೂವರೂ ಗಂಭೀರವಾಗಿ ಮಾತಾಡಿದೆವು. ಅಂಥದ್ದೊಂದು ಇಲ್ಲವೆಂದು ಮೂವರಿಗೂ ಗೊತ್ತಿತ್ತು, ಶೆಣೈಯವರಿಗೆ ಅದು ಗೊತ್ತಿರುವುದು ರತ್ನಕ್ಕನಿಗೆ ಮಾತ್ರ ಗೊತ್ತಿರಲಿಲ್ಲ. ಹೊರಡುವಾಗ ರತ್ನಕ್ಕ ಗೇಟಿನವರೆಗೆ ಬಂದು, "ಇವರು ಇವತ್ತು ಎಷ್ಟು ದಿವಸದ ಮೇಲೆ ನಕ್ಕರು ನೋಡಿ" ಎಂದು ಪಿಸುಗುಟ್ಟಿದರು. ಬಾಗಿಲ ಹಿಡಿಯ ಪೆಟ್ಟಿಗೆಯನ್ನು ಟವಲಿನ ಸಮೇತ ಹಿಂದಿನ ಸೀಟಿನ ಮೇಲೆ ಇಟ್ಟು ಹೋದರು.

ದಾರಿಯುದ್ದಕ್ಕೂ ನನ್ನ ಮನಸ್ಸು ಹಗುರವಾಗಿಯೇ ಇತ್ತು. ಆದರೆ ಸಯನ್ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಒಂದು ಯೋಚನೆ ಹೊಕ್ಕಿತು. ಇಷ್ಟು ಸಾಧುವಾದ ಹೆಂಗಸು ಗಂಡನ ಕಣ್ಣೆದುರೇ ಒಂದು ಗ್ಯಾರೇಜು ಖಾಲಿ ಮಾಡಬಲ್ಲಳಾದರೆ, ವಿಜಯ? ಇತ್ತೀಚೆಗೆ ಅವಳು ನನ್ನ ಸ್ಪೇರ್ ಪಾರ್ಟುಗಳ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬಾಲ್ಕನಿಯನ್ನು ತಾನೇ ಗುಡಿಸುತ್ತೇನೆ ಎಂದೂ ಹೇಳುತ್ತಿದ್ದಳು. ಸಂಶಯಕ್ಕೆ ಇದಕ್ಕಿಂತ ಏನು ಬೇಕು? ಮನೆಗೆ ಹೋದವನೇ ಬಾಲ್ಕನಿಯ ಪೆಟ್ಟಿಗೆಗಳ ಸುತ್ತ ಸೀಮೆಸುಣ್ಣದಲ್ಲಿ ತೆಳ್ಳಗೆ ಗೆರೆ ಎಳೆದಿಟ್ಟೆ. ವಾರ ಕಳೆದು ನೋಡಿದೆ, ಗೆರೆ ಹಾಗೇ ಇತ್ತು. ಮತ್ತೊಂದು ವಾರ ಬಿಟ್ಟೆ. ಗೆರೆಯ ಮೇಲೆ ಧೂಳು ಕೂತಿತ್ತು, ಅಷ್ಟೇ.

ಒಳಗೊಳಗೇ ಬೇಜಾರಾಯಿತು. ಶೆಣೈಯವರ ಹೆಂಡತಿ ಅವರಿಗಾಗಿ ಕಳ್ಳಿಯಾದಳು, ನನಗಾಗಿ ಒಂದು ಪೆಟ್ಟಿಗೆ ಸರಿಸುವವರೂ ಇಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ: "ನೀನು ಯಾವತ್ತೂ ನನ್ನ ಸಾಮಾನು ಕದ್ದು ಸಾಗಿಸಬೇಕು ಅಂದ್ಕೊಂಡೇ ಇಲ್ವೇನೇ?"

ವಿಜಯ ಹುರಿಯುತ್ತಿದ್ದ ಸಾಸಿವೆಯಿಂದ ಕಣ್ಣು ತೆಗೆಯಲಿಲ್ಲ. "ಅಂದ್ಕೊಳ್ಳದೆ ಏನು? ಹೋದ ದೀಪಾವಳಿಗೆ ನೀವು ಆಫೀಸಿಗೆ ಹೋದಾಗ ಗುಜರಿ ಸಾಮಾನಿನ ಭಂಗಾರದವನನ್ನ ಕರೆಸಿ ಅಷ್ಟನ್ನೂ ಕೊಟ್ಟೆ. ತಗೊಂಡು ಹೋದ. ಸಂಜೆ ವಾಪಸ್ ತಂದು ಇಟ್ಟು, 'ಭಾಭೀ, ಯೇ ಹಮ್ ಸೇ ನಹೀ ಹೋಗಾ' ಅಂದ. ಗುಜರಿಯವನ ಕೈಲೂ ಆಗದ ಮಾಲು ನಿಮ್ಮದು."

ಅವತ್ತಿನಿಂದ ವಿಜಯಳ ಮೇಲೆ ನನಗಿದ್ದ ಸಂಶಯ ಪೂರ್ತಿ ಹೋಗಿದೆ. ಆದರೆ ಆ ಭಂಗಾರದವನನ್ನು ಮಾತ್ರ ಕಂಡಾಗೆಲ್ಲ ಗಮನಿಸುತ್ತಿರುತ್ತೇನೆ. ಕರೆದು ಕೊಟ್ಟ ಮಾಲನ್ನು ಒಬ್ಬ ಗುಜರಿ ವ್ಯಾಪಾರಿ ತಾನೇ ಹೊತ್ತು ತಂದು ಹಿಂದಿರುಗಿಸುತ್ತಾನೆಂದರೆ, ಅವನು ಮಾಡುತ್ತಿರುವ ನಿಜವಾದ ದಂಧೆ ಬೇರೆ ಏನೋ ಇರಲೇಬೇಕು.